ನೈಟ್ರಾಕ್ಸ್ ಕೋರ್ಸ್ ಮಾಡ್ಬೇಕಾ? ಅನುಭವ ಇರೋರು ಹೇಳಿ

ನೀರ್‌ಕಾಗೆ
ಸ್ಕೂಬಾ ಡೈವಿಂಗ್‌ನಲ್ಲಿ ಓಪನ್ ವಾಟರ್, ಅಡ್ವಾನ್ಸ್ಡ್ ಎರಡು ಕೋರ್ಸೂ ಆಗಿದೆ. ಈಗ ನೈಟ್ರಾಕ್ಸ್ ಮಾಡು ಅಂತ ಇನ್‌ಸ್ಟ್ರಕ್ಟರ್ ಬೆನ್ನು ಹತ್ತಿದ್ದಾರೆ. ಗಾಳೀಲಿ ಆಮ್ಲಜನಕ 21%, ಅದನ್ನ 32ಕ್ಕೋ 36ಕ್ಕೋ ಏರಿಸಿದ ನೈಟ್ರಾಕ್ಸ್‌ನಲ್ಲಿ ಸಾರಜನಕ ಕಮ್ಮಿಯಾಗುತ್ತೆ, ಕೆಳಗೆ ಜಾಸ್ತಿ ಹೊತ್ತು ಇರಬಹುದು, ಸುಸ್ತಾಗಲ್ಲ, ಗಾಳಿಗಿಂತ ಸೇಫು ಅಂತಾರೆ. ನಾನು ಇಳಿಯೋದು ಹೆಚ್ಚಂದ್ರೆ 18 ಮೀಟರ್, ದಿನಕ್ಕೆ ಎರಡು ಡೈವ್. ನನ್ನಂಥವರಿಗೆ ಇದು ಬೇಕಾ?

ಆಳಗಾರ
"ಗಾಳಿಗಿಂತ ಸೇಫು." ಯಾರು ಸ್ವಾಮಿ ಹೇಳಿದ್ದು ಇದನ್ನ? ಒಂದು ಅಪಾಯ ಕಮ್ಮಿ ಮಾಡಿ ಇನ್ನೊಂದನ್ನ ತಲೆ ಮೇಲೆ ಹಾಕ್ಕೊಳ್ಳೋದಕ್ಕೆ ಸೇಫು ಅನ್ನಲ್ಲ. ಆಮ್ಲಜನಕದ ಪಾರ್ಶಿಯಲ್ ಪ್ರೆಶರ್ (ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲು) 1.4 ಬಾರ್ ದಾಟಬಾರದು ಅನ್ನೋದು ಎಲ್ಲರೂ ಒಪ್ಪಿರೋ ಮಿತಿ. ಗಾಳೀಲಿ ಆ ಮಿತಿ ಬರೋದು 56 ಮೀಟರಲ್ಲಿ, ಹವ್ಯಾಸಿ ಡೈವರ್ ಅಲ್ಲಿಗೆ ಹೋಗೋದೇ ಇಲ್ಲ. 32%ನಲ್ಲಿ 33 ಮೀಟರಿಗೇ ಬಂತು, 36%ನಲ್ಲಿ 28ಕ್ಕೇ. ದಾಟಿದ್ರೆ ಫಿಟ್ಸ್ ಬರಬಹುದು, ಎಷ್ಟೋ ಸಲ ಮುನ್ಸೂಚನೆಯೇ ಇರಲ್ಲ. ಉಸಿರಾಡೋ ರೆಗ್ಯುಲೇಟರ್ ಬಾಯಿಂದ ಜಾರುತ್ತೆ, ನೀರಲ್ಲೇ ಸಾಯ್ತೀರ. ಬೆಂಡ್ಸ್ (ಮೈಯೊಳಗಿನ ಸಾರಜನಕ ಗುಳ್ಳೆಯಾಗೋ ಕಾಯಿಲೆ) ಆದ್ರೆ ಒತ್ತಡದ ಚೇಂಬರ್‌ಗೆ ಹಾಕಿ ಉಳಿಸಬಹುದು. ಇದಕ್ಕೆ ಅಂಥ ಎರಡನೇ ಚಾನ್ಸ್ ಇಲ್ಲ.

ಬಬಲ್‌ರಾಯ
"ಸಾಯ್ತೀರ" ಅಂತ ಹೆದರಿಸೋದು ಹಳೇ ಚಾಳಿ ಬಿಡಿ. 90ರ ದಶಕದ ಶುರುವಲ್ಲಿ ಇದೇ ರಾಗ ಹಾಡಿ ಇದಕ್ಕೆ "ವೂಡೂ ಗ್ಯಾಸ್" ಅಂತ ಹೆಸರಿಟ್ಟಿದ್ರು. ಅಷ್ಟೊತ್ತಿಗೆ ಅಮೆರಿಕ ಸರ್ಕಾರದ ಸಾಗರ ಸಂಸ್ಥೆ ನೋವಾ 1979ರ ತನ್ನ ಡೈವಿಂಗ್ ಮ್ಯಾನ್ಯುಯಲ್‌ನಲ್ಲೇ, 32%ನಲ್ಲಿ ಯಾವ ಆಳಕ್ಕೆ ಎಷ್ಟು ಹೊತ್ತು ಅನ್ನೋ ಟೇಬಲ್ ಕೊಟ್ಟು ಎಷ್ಟೋ ವರ್ಷ ಆಗಿತ್ತು. ಅಲ್ಲೇ ಕೆಲಸ ಮಾಡಿದ್ದ ಡಿಕ್ ರುಟ್‌ಕೌಸ್ಕಿ 1985ರಲ್ಲಿ ಹವ್ಯಾಸಿಗಳಿಗೂ ಕಲಿಸೋಕೆ ಹೊರಟ್ರು. ಮೂಗು ಮುರಿದವರೆಲ್ಲ ಈಗ ಅದನ್ನೇ ಕಲಿಸ್ತಾರೆ, 90ರ ದಶಕದ ನಡುವಲ್ಲಿ ಡೈವಿಂಗ್ ಕಲಿಸೋ ದೊಡ್ಡ ಸಂಸ್ಥೆ ಪ್ಯಾಡಿಯೇ ಕೋರ್ಸ್ ಶುರು ಮಾಡ್ತು. ಅವರು ಕೇಳಿರೋದು 18 ಮೀಟರ್ ಬಗ್ಗೆ. ಅಲ್ಲಿ 32%ಗೆ ಆಮ್ಲಜನಕದ ಒತ್ತಡ 0.9 ಬಾರ್ ಮಾತ್ರ. ಯಾವ ಫಿಟ್ಸು?

ಪ್ರೆಶರ್‌ಗೇಜ್
18 ಮೀಟರ್ ಅಂದ್ರಲ್ಲ, ಅದರ ಲೆಕ್ಕ ನೋಡೋಣ. ಪ್ಯಾಡಿ ಟೇಬಲ್‌ನಲ್ಲಿ 18 ಮೀಟರಿಗೆ ಗಾಳೀಲೇ 56 ನಿಮಿಷ ನೋ-ಸ್ಟಾಪ್ ಟೈಮ್ ಇದೆ, ಅಂದ್ರೆ ನಡುವೆ ನಿಲ್ಲದೆ ಮೇಲೆ ಬರಬಹುದಾದಷ್ಟು ಹೊತ್ತು. 12 ಲೀಟರ್ ಸಿಲಿಂಡರ್, 200 ಬಾರ್, 50 ಬಾರ್ ಮೀಸಲು ಬಿಟ್ರೆ ಉಳಿಯೋದು 1800 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡೋರು ಅಲ್ಲಿ ಒತ್ತಡ 2.8 ಪಟ್ಟು ಆಗಿರೋದ್ರಿಂದ 56 ಲೀಟರ್ ಎಳೀತಾರೆ. 32 ನಿಮಿಷಕ್ಕೆ ಸಿಲಿಂಡರ್ ಮುಗೀತು. ನೋ-ಸ್ಟಾಪ್ ಟೈಮ್ ಹೆಚ್ಚಿಸಿ ಏನು ಉಪಯೋಗ? ಉಸಿರೇ ಇಲ್ವಲ್ಲ. ಲಾಭ ಇರೋದು 25-30 ಮೀಟರಲ್ಲಿ. 30 ಮೀಟರಿಗೆ ಗಾಳೀಲಿ 20 ನಿಮಿಷ. 32%ನಲ್ಲಿ ಅದು 24.4 ಮೀಟರಿನ ಗಾಳಿ ಡೈವ್‌ಗೆ ಸಮ, ಟೇಬಲ್‌ನ 25ರ ಸಾಲು ಹಿಡಿದ್ರೆ 29 ನಿಮಿಷ.

ಹಳೇಫಿನ್
ನಿಮ್ಮ ಲೆಕ್ಕ ಬಾಜೂಕ ಇಡ್ರಿ. ಸುಸ್ತಿನ ಮಾತು ಯಾರೂ ಎತ್ತವಲ್ರಿ. ಗಾಳ್ಯಾಗ ಮೂರು ಡೈವ್ ಮಾಡಿದ್ರ ನಾ ಬೋಟಿನ್ಯಾಗ ವೆಟ್‌ಸೂಟ್ ಅರ್ಧ ಕಳದು ಹಂಗ ಮಲಗಿಬಿಡ್ತೀನಿ. ನೈಟ್ರಾಕ್ಸ್‌ದಾಗ ಮಾಡಿದ್ರ ರಾತ್ರಿ ಕುಂತು ಲಾಗ್‌ಬುಕ್ ಬರೀತೀನಿ. ಇದಕ್ಕಿಂತ ಬ್ಯಾರೆ ಪುರಾವೆ ಏನ್ ಬೇಕ್ರಿ?

ಆಳಗಾರ
"ಪುರಾವೆ" ಅಂದ್ರೆ ನಿಮ್ಮ ನಿದ್ದೆ ಅಲ್ಲ ಸಾರ್. 2003ರಲ್ಲಿ ರಿಚರ್ಡ್ ಹ್ಯಾರಿಸ್ ತಂಡ (ಹೌದು, 2018ರಲ್ಲಿ ಥಾಯ್ ಗುಹೆಯಿಂದ ಮಕ್ಕಳನ್ನ ಹೊರಗೆ ತಂದವರಲ್ಲಿ ಒಬ್ಬರಾದ ಅದೇ ಡಾಕ್ಟರ್) ಇದನ್ನೇ ಪರೀಕ್ಷೆ ಮಾಡ್ತು. 18 ಮೀಟರ್, 40 ನಿಮಿಷ, ಒಮ್ಮೆ ಗಾಳಿ ಒಮ್ಮೆ 36%. ಯಾವುದು ಯಾವುದು ಅಂತ ಡೈವರ್‌ಗಳಿಗೂ ಗೊತ್ತಿಲ್ಲ, ಅಳೆಯೋರಿಗೂ ಗೊತ್ತಿಲ್ಲ. ಸುಸ್ತಲ್ಲಿ ವ್ಯತ್ಯಾಸ: ಇಲ್ಲ. ಗಮನದಲ್ಲಿ ವ್ಯತ್ಯಾಸ: ಇಲ್ಲ. ದುಡ್ಡು ಕೊಟ್ಟು ತಗೊಂಡಿದ್ದು ಅಂತ ಮನಸ್ಸಿಗೆ ಗೊತ್ತಾದ್ರೆ ಮೈ ಹಗುರ ಆಗುತ್ತೆ, ಅಷ್ಟೆ.

ಹಳೇಫಿನ್
ಅದು ಡ್ರೈ ಚೇಂಬರ್ ಅಂಬೋದನ್ನ ಯಾಕ ನುಂಗಿದ್ರಿ? ಒಣಾ ಕ್ವಾಣ್ಯಾಗ ಬೆಚ್ಚಗ ಕುಂತವರಿಗೆ ಎಲ್ಲೀ ಸುಸ್ತು? ನೀರಿಲ್ಲ, ಥಂಡಿಲ್ಲ, ಕರೆಂಟ್ ಇಲ್ಲ. ಮತ್ತ ಎಷ್ಟು ಮಂದಿ? ಹನ್ನೊಂದು. ಒಂದು ಕ್ರಿಕೆಟ್ ಟೀಮ್!

ಆಳಗಾರ
"ಕುಂತವರು" ಅಲ್ಲ. ಒಳಗೆ ಎರಡು ಸಲ ವ್ಯಾಯಾಮ ಮಾಡಿಸಿದ್ರು. ಓದಿ ಬನ್ನಿ.

ಬಬಲ್‌ರಾಯ
ಓದಿದವರು ಇನ್ನೊಂದನ್ನೂ ಓದಿರ್ತಾರೆ ಅನ್ಕೊಂಡಿದ್ದೆ. 2010, ಲಾಫೇರ್ ತಂಡ, 219 ಡೈವರ್‌ಗಳು, ಸರಾಸರಿ 21 ಮೀಟರ್, 43 ನಿಮಿಷ. ನೈಟ್ರಾಕ್ಸ್ ಉಸಿರಾಡಿದವರಿಗೆ ಸುಸ್ತು ಕಮ್ಮಿ. ಹನ್ನೊಂದು ದೊಡ್ಡದೋ 219 ದೊಡ್ಡದೋ?

ಆಳಗಾರ
ಅಲ್ಲಿ ಸುಸ್ತು ಅಳೆದಿದ್ದು ಹೇಗೆ? ಒಂದು ಗೆರೆ ಕೊಟ್ಟು "ಎಷ್ಟು ಸುಸ್ತಾಗಿದೆ, ಗುರುತು ಹಾಕಿ" ಅಂತ. ಡೈವರೇ ಹೇಳಿದ್ದು, ಡೈವರೇ ನಂಬಿದ್ದು.

ಬಬಲ್‌ರಾಯ
ನಿಮ್ಮ ಹ್ಯಾರಿಸ್ ಪರೀಕ್ಷೆಯಲ್ಲೂ ಅದೇ ಗೆರೆ ಇತ್ತು ಮಾರಾಯ್ರೆ! ನಿಮಗೆ ಬೇಕಾದ ಉತ್ತರ ಬಂದಾಗ ಅದು ವಿಜ್ಞಾನ, ಬೇಡದ್ದು ಬಂದಾಗ ಬರೀ ಗೆರೆ. ಸಾಲದ್ದಕ್ಕೆ ಲಾಫೇರ್ ಕಡೆಯವರು ಮಿನುಗೋ ಬೆಳಕು ತೋರಿಸಿ ಮಿದುಳಿನ ಎಚ್ಚರವನ್ನೂ ಅಳೆದಿದ್ರು. ಅದನ್ನ ಬಿಟ್ಟು ಬರೆದ್ರಲ್ಲ.

ಆಳಗಾರ
"ಬೇಕಾದ ಉತ್ತರ" ಅಂತ ನನ್ನ ಮೇಲೆ ಆರೋಪ ಹಾಕಬೇಡಿ. ಹ್ಯಾರಿಸ್ ಕಡೆ ಗೆರೆ ಒಂದೇ ಇರಲಿಲ್ಲ, 20 ಪ್ರಶ್ನೆಗಳ ಪಟ್ಟಿ, ಗಮನ ಅಳೆಯೋ ಸ್ಟ್ರೂಪ್ ಟೆಸ್ಟ್, ಅಂಕಿ ನೆನಪಿನ ಪರೀಕ್ಷೆ ಎಲ್ಲ ಇತ್ತು. ನಾನೇನೂ ನೈಟ್ರಾಕ್ಸ್ ಮಾರಿ ಹೊಟ್ಟೆ ಹೊರೀತಿಲ್ಲ.

ಬಬಲ್‌ರಾಯ
ಮಾರೋದು? ನಾನು ಏನು ಮಾರ್ತೀನಿ ಅಂತ ಗೊತ್ತಾ ನಿಮಗೆ? ಆ ಮಾತು ವಾಪಸ್ ತಗೊಳ್ಳಿ.

ಕಡಲಿನ ಮಗ
ಇಬ್ಬರೂ ಸ್ವಲ್ಪ ಉಸಿರು ಬಿಡಿ. ಇನ್ನೊಂದು ಲಾಭ ಬಿಟ್ಟೇ ಹೋಗಿದೆ. ಸಾರಜನಕ ಕಮ್ಮಿ ಆದ್ರೆ ನಾರ್ಕೋಸಿಸ್ಸೂ (ಆಳದಲ್ಲಿ ಬರೋ ಮಂಪರು) ಕಮ್ಮಿ, ಆಳದಲ್ಲಿ ತಲೆ ನೆಟ್ಟಗಿರುತ್ತೆ.

ಪ್ರೆಶರ್‌ಗೇಜ್
ಇಲ್ಲ. ಆಮ್ಲಜನಕವೂ ಕೊಬ್ಬಲ್ಲಿ ಕರಗುತ್ತೆ, ಸಾರಜನಕಕ್ಕಿಂತ ಹೆಚ್ಚೇ. ಹಾಗಾಗಿ ಅದಕ್ಕೂ ಮಂಪರು ತರೋ ಗುಣ ಇದೆ ಅಂತಲೇ ಇಟ್ಕೊಂಡು ಇಳಿಯೋದು. 30 ಮೀಟರಲ್ಲಿ ಗಾಳಿಯೂ ಒಂದೇ, ನೈಟ್ರಾಕ್ಸೂ ಒಂದೇ.

ಕಡಲಿನ ಮಗ
ನನಗೇನೋ ವ್ಯತ್ಯಾಸ ಗೊತ್ತಾಗುತ್ತೆ.

ತಳಗಾಣೆ
ಸಿಲಿಂಡರ್ ಒಳಗೆ ನಿಜಕ್ಕೂ ಎಷ್ಟಿದೆ ಅಂತ ಇಲ್ಲಿ ಒಬ್ಬರೂ ಕೇಳ್ತಿಲ್ಲವಲ್ಲ. ಒಮ್ಮೆ ನನ್ನ ಕೈಗೆ ಬಂದ ಸಿಲಿಂಡರಿನ ಸ್ಟಿಕ್ಕರ್ ಮೇಲೆ ಪೆನ್ನಲ್ಲಿ 32 ಅಂತ ಬರೆದಿತ್ತು, ಪಕ್ಕದಲ್ಲಿ ಯಾರದೋ ಸಹಿ. ಆಮ್ಲಜನಕ ಅಳೆಯೋ ಅನಲೈಸರ್‌ನ ಮೊದಲು ಬರೀ ಗಾಳಿಗೆ ಹಿಡಿದು 20.9ಕ್ಕೆ ಕೂರಿಸಿದೆ. ಆಮೇಲೆ ವಾಲ್ವ್ ಒಂಚೂರು ತಿರುಗಿಸಿ, ಗ್ಯಾಸ್ ಸಣ್ಣಗೆ ಸುಯ್ ಅನ್ನೋ ಹಾಗೆ ಬಿಟ್ಟೆ. ಅಂಕಿ ಏರ್ತಾ 32 ದಾಟ್ತು, 36 ದಾಟ್ತು, 39.6ಕ್ಕೆ ಬಂದು ನಿಂತ್ತು. ಮತ್ತೆ ಗಾಳಿಗೆ ಹಿಡಿದ್ರೆ 20.9, ಮತ್ತೆ ಸಿಲಿಂಡರಿಗೆ ಹಿಡಿದ್ರೆ 39.6. ಅವತ್ತು ಪ್ಲಾನ್ ಇದ್ದಿದ್ದು 33 ಮೀಟರ್. ಸ್ಟಿಕ್ಕರ್ ನಂಬಿ ಇಳಿದಿದ್ರೆ 1.7 ಬಾರ್. ಉಸಿರಾಡೋನೇ ತನ್ನ ಸಿಲಿಂಡರ್ ತಾನೇ ಅಳೀಬೇಕು, ಆಳದ ಮಿತಿ ತಾನೇ ಬರೆದು ಸಹಿ ಹಾಕಬೇಕು. ಕೋರ್ಸ್‌ನಲ್ಲಿ ಕಲಿಯೋಕೆ ಇರೋದು ಇದೇ, ಮಿಕ್ಕಿದ್ದೆಲ್ಲ ಒಂದು ಮಧ್ಯಾಹ್ನದ ಓದು.

ಹಳೇಫಿನ್
"ಒಂದು ಮಧ್ಯಾಹ್ನ" ಅಂತ ಹಗುರ ಮಾತಾಡಬ್ಯಾಡ್ರಿ. ನಮ್ಮ ಕಾಲದಾಗ ಟೇಬಲ್ ಬಾಯಿಪಾಠ ಮಾಡಸ್ತಿದ್ರು.

ನೀರ್‌ಕಾಗೆ
18 ಮೀಟರಿಗೆ ಲಾಭ ಇಲ್ಲ ಅಂತಾಯ್ತಾ ಹಾಗಾದ್ರೆ? ದಿನದ ಎರಡನೇ ಡೈವ್‌ಗೂ?

ಪ್ರೆಶರ್‌ಗೇಜ್
ಎರಡನೇದಕ್ಕೆ ಸ್ವಲ್ಪ ಇದೆ. ಮೊದಲನೇದರ ಸಾರಜನಕ ಮೈಯಲ್ಲಿ ಉಳಿದಿರುತ್ತಲ್ಲ, ಆಗ ಟೇಬಲ್ ಬಿಗಿ ಆಗುತ್ತೆ.

ಬಬಲ್‌ರಾಯ
ಟೈಮ್ ಬೇಡ ಅನ್ನೋರಿಗೆ ಇನ್ನೂ ಒಳ್ಳೇ ದಾರಿ ಇದೆ. 32% ಹಾಕ್ಕೊಂಡು, ಆಳ-ಹೊತ್ತಿನ ಲೆಕ್ಕ ಇಡೋ ಡೈವ್ ಕಂಪ್ಯೂಟರ್‌ನ ಗಾಳಿಗೇ ಬಿಡಿ. ಅದು 21% ಅನ್ಕೊಂಡು ಬೇಗ ಮೇಲೆ ಕಳಿಸುತ್ತೆ, ಮೈಯೊಳಗೆ ಸೇರಿರೋ ಸಾರಜನಕ ಅದರ ಲೆಕ್ಕಕ್ಕಿಂತ ಕಮ್ಮಿ. ಬೆಂಡ್ಸ್ ಅಪಾಯ ಇಳೀತು. ಇದನ್ನ ಸೇಫು ಅನ್ನದೆ ಇನ್ನೇನು ಅನ್ನೋಣ, ಆಳಗಾರ್ರೇ?

ಆಳಗಾರ
"ಗಾಳಿಗೇ ಬಿಡಿ." ವಾಹ್. ಆ ಕಂಪ್ಯೂಟರಿಗೆ ನಿಮ್ಮ ಬೆನ್ನ ಮೇಲೆ 32 ಇದೆ ಅನ್ನೋದೇ ಗೊತ್ತಿಲ್ಲ. 34 ಮೀಟರಿಗೆ ಕೂಗಬೇಕಾದ ಅಲಾರಂ ಕೂಗಲ್ಲ. ಅದು ಕಾಯೋದು 56 ಮೀಟರಿಗೆ. ಕೆಳಗೆ ಬಿದ್ದ ಕ್ಯಾಮೆರಾ ಹಿಡಿಯೋಕೆ ಅಂತ ಒಬ್ಬ ತಲೆ ಕೆಳಗಾಗಿ ಹೊರಟರೆ 40 ಮೀಟರ್ ಎಷ್ಟು ಹೊತ್ತಿನ ಮಾತು? ಅಲ್ಲಿ 1.6.

ಬಬಲ್‌ರಾಯ
1.6 ಅಂದ ಕೂಡಲೇ ಆಕಾಶ ಕಳಚಿ ಬೀಳಲ್ಲ. ನೋವಾ ಟೇಬಲ್‌ನಲ್ಲಿ 1.6ಕ್ಕೂ 45 ನಿಮಿಷ ಇದೆ.

ತಳಗಾಣೆ
ಆ 45 ನಿಮಿಷ ಎಲ್ಲರ ಮೈಗೂ ಬರೆದುಕೊಟ್ಟ ಗ್ಯಾರಂಟಿ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಬ್ರಿಟಿಷ್ ನೌಕಾಪಡೆಯ ಕೆನೆತ್ ಡೊನಾಲ್ಡ್ ಡೈವರ್‌ಗಳಿಗೆ ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಟ್ಟು ನೋಡಿದ್ರು. ಒಬ್ಬನೇ ಮನುಷ್ಯ, ಅದೇ ಆಳ. ಒಂದು ದಿನ ತಡಕೊಂಡಷ್ಟು ಹೊತ್ತು ಇನ್ನೊಂದು ದಿನ ತಡಕೊಳ್ಳಲಿಲ್ಲ. ಈಜಿ ಏದುಸಿರು ಬಿಡ್ತಿದ್ರೆ ಇನ್ನೂ ಬೇಗ.

ಬಬಲ್‌ರಾಯ
ಶುದ್ಧ ಆಮ್ಲಜನಕ! ನಾವಿಲ್ಲಿ 32ರ ಬಗ್ಗೆ ಮಾತಾಡ್ತಿರೋದು.

ತಳಗಾಣೆ
ಮೈಗೆ ತಟ್ಟೋದು ಪರ್ಸೆಂಟ್ ಅಲ್ಲ, ಪ್ರೆಶರ್. ಇದು ಕೋರ್ಸಿನ ಮೊದಲನೇ ಪಾಠ.

ಹಳೇಫಿನ್
ನಾ ಕಂಪ್ಯೂಟರ್ ಗಾಳಿಗೇ ಇಟ್ಟು ಇಳಿಯಾಂವ. ಅಲಾರಂ ಯಾಕ ಬೇಕ್ರಿ, ಮೀಟರ್ ನೋಡಾಕ ಕಣ್ಣದಾವ. ಸುಸ್ತೂ ಆಗಂಗಿಲ್ಲ.

ಆಳಗಾರ
ಮತ್ತೆ ಸುಸ್ತಾ?

ಹಳೇಫಿನ್
219 ಮಂದೀರಿ.