ಕೆಕೆಆರ್‌ಟಿಸಿ ಬಸ್ ಮಾಡ್‌ಗಿ 450 ರೂಪಾಯಿ ಕೇಳಲತ್ತಾರ, ಕೊಡಬೇಕೋ ಬ್ಯಾಡೋ?

ತೊಗರಿಕಣಜ (ಕಲಬುರಗಿ):
ಯೂರೋ ಟ್ರಕ್ ಸಿಮ್ಯುಲೇಟರ್ 2 ಅನ್ನೋ ಕಂಪ್ಯೂಟರ್ ಗೇಮಿಗಿ ನಮ್ಮ ಕೆಕೆಆರ್‌ಟಿಸಿ ಸ್ಲೀಪರ್ ಬಸ್ಸಿನ ಮಾಡ್ (ಗೇಮಿಗಿ ಹೊರಗಿನವ್ರು ಮಾಡಿ ಸೇರಸೋ ಫೈಲು) ಟೆಲಿಗ್ರಾಂನಾಗ ಮಾರಲತ್ತಾರ. ಯುಪಿಐ ಮಾಡಿದ ಮ್ಯಾಲ ಸ್ಟೀಮ್ ಐಡಿ (ಗೇಮ್ ಮಾರೋ ಸ್ಟೀಮ್ ಅಂಗಡಿಯಾಗಿನ ನನ್ನ ಖಾತೆ ನಂಬರ್) ಕಳಸ್ಬೇಕಂತ. ಒಂದು ಎಸ್‌ಸಿಎಸ್ ಫೈಲು, ಅದರ ಸಂಗಾಟ ಆಕ್ಟಿವೇಟರ್ ಅಂತ ಒಂದು ಎಕ್ಸ್‌ಇ (ಕಂಪ್ಯೂಟರಿನಾಗ ಓಡೋ ಪ್ರೋಗ್ರಾಂ) ಕೊಡ್ತಾರ. ‘ಆಂಟಿವೈರಸ್ ಬಂದ್ ಮಾಡಿ ಓಡಸ್ರಿ’ ಅಂತ ಬರ್ದಾರ. ಗೇಮ್ ಅಪ್‌ಡೇಟ್ ಆದ್ರ ರೊಕ್ಕ ನೀರಾಗ ಹೋಗ್ತದೇನ್ರಿ?

ಬಿದ್ರಿಕುಸುರಿ (ಬೀದರ್):
ಎಕ್ಸ್‌ಇ ಅಂದಕೂಡ್ಲೆ ಅಲ್ಲೇ ನಿಲ್ರಿ. ಎಸ್‌ಸಿಎಸ್ ಫೈಲಿನೊಳಗೆ ಇರೋದು ಬಸ್ಸಿನ ಮಾಡೆಲ್, ಟೆಕ್ಸ್ಚರ್, ಸೌಂಡ್ ಬ್ಯಾಂಕ್, ಎಸ್‌ಐಐ ಅನ್ನೋ ಪಠ್ಯ ಫೈಲುಗಳು, ಇಷ್ಟೇ. ಗೇಮ್ ಅದನ್ನು ಓದ್ತದೆ, ಅದು ತಾನಾಗಿ ಓಡೋದಿಲ್ಲ. ಡಾಕ್ಯುಮೆಂಟ್ಸ್ ಒಳಗಿನ ಯೂರೋ ಟ್ರಕ್ ಸಿಮ್ಯುಲೇಟರ್ 2 ಫೋಲ್ಡರ್‌ನ ‘ಮಾಡ್’ ಫೋಲ್ಡರಿಗೆ ಹಾಕಿ, ಮಾಡ್ ಮ್ಯಾನೇಜರ್‌ನಲ್ಲಿ ಆನ್ ಮಾಡಿದ್ರೆ ಮುಗೀತು. ಇದಕ್ಕೆ ಆಕ್ಟಿವೇಟರ್ ಯಾಕೆ ಬೇಕು? ನಿಮ್ಮ ಕಂಪ್ಯೂಟರಿಗೆ ಮಾಡ್ ಕಟ್ಟಿಹಾಕೋಕೆ ಮಾತ್ರ. ನಾಳೆ ಮದರ್‌ಬೋರ್ಡ್ ಬದಲಿಸಿದ್ರೆ ಮತ್ತೆ ಅವನ ಬಾಗಿಲು ಬಡೀಬೇಕು. ಬಿನ್ ಫೋಲ್ಡರಿನ ‘ಪ್ಲಗಿನ್ಸ್’ನೊಳಗೆ ಡಿಎಲ್‌ಎಲ್ ಹಾಕು ಅಂದ್ರೂ ಅದೇ ಎಚ್ಚರ, ಡಿಎಲ್‌ಎಲ್ ಓಡುವ ಕೋಡ್.

ಸ್ಟೀಮ್ ಐಡಿ, ಅಂದ್ರೆ 7656119 ಅಂತ ಶುರುವಾಗೋ 17 ಅಂಕಿ, ಗುಟ್ಟಿನದೇನಲ್ಲ. ಫೈಲ್ ಲೀಕ್ ಆದ್ರೆ ಯಾರದ್ದು ಅಂತ ಹಿಡಿಯೋಕೆ ಅದನ್ನು ಒಳಗೆ ಸೇರಿಸಿ ಕೊಡೋರಿದ್ದಾರೆ. ಪಾಸ್‌ವರ್ಡ್, ಸ್ಟೀಮ್ ಗಾರ್ಡ್ ಕೋಡ್ (ಲಾಗಿನ್‌ಗೆ ಬರೋ ಕೋಡ್) ಮಾತ್ರ ಯಾರಿಗೂ ಕೊಡಬೇಡ್ರಿ.

ಭೀಮಾದಂಡಿ (ಯಾದಗಿರಿ):
ಅಪ್‌ಡೇಟಿನ ಮಾತು ನಾ ಹೇಳ್ತೀನಿ, ಖರೆ ತಕರಾರು ಇರೋದೇ ಅಲ್ಲಿ. 2020ರಾಗ 1.37 ವರ್ಶನ್ ಬಂದಾಗ ಗೇಮಿನ ಸೌಂಡ್ ಪೂರಾ ಎಫ್‌ಮಾಡ್ ಅನ್ನೋ ಬ್ಯಾರೆ ಸೌಂಡ್ ವ್ಯವಸ್ಥಾಕ್ಕ ಹೋಯ್ತು. ಹಳೀ ಬಸ್ಸು ಚಾಲೂ ಆಗ್ತಿದ್ವು, ಇಂಜಿನ್ ಸಪ್ಪಳ ಮಾತ್ರ ಇಲ್ಲ! ಜಿಪ್ ಆಗಿರೋ ಮಾಡ್ ಇದ್ರ 7-ಜಿಪ್‌ನಾಗ ತೆಗೆದು ಯಾರರೆ ತಿಳಿದವ್ರು ರಿಪೇರಿ ಮಾಡ್ತಾರ. ಲಾಕ್ ಮಾಡಿದ್ರ ಆಗಂಗಿಲ್ಲ, ಮಾರಿದಾವನ ದಾರಿನೇ ಕಾಯ್ಬೇಕು. ಅಂದ್ರ ನೀವು 450 ಕೊಟ್ಟು ತಗೊಳ್ಳೋದು ಫೈಲಲ್ಲ, ಅವ ಮುಂದೂ ರಿಪೇರಿ ಮಾಡ್ತಾನ ಅನ್ನೋ ಮಾತು. ಕೊಡೂಕಿಂತ ಮೊದ್ಲು ಅವನ ಹಳೀ ಮಾಡ್‌ಗಳು ಈಗಿನ ವರ್ಶನ್‌ಗಿ ಬಂದಾವೋ ಇಲ್ಲೋ ನೋಡ್ರಿ.

ಆಗಲೇ ತಗೊಂಡು ಕೆಟ್ಟಿದ್ರ: ಸ್ಟೀಮ್ ಲೈಬ್ರರಿಯಾಗ ಗೇಮಿನ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಬೀಟಾಸ್. ಅಲ್ಲಿ ಹಳೀ ವರ್ಶನ್ ಆರಿಸ್ಬಹುದು. ಖರೆ, ಹೊಸ ಮ್ಯಾಪ್ ಡಿಎಲ್‌ಸಿ (ಗೇಮ್ ಕಂಪನಿ ಬ್ಯಾರೆ ಮಾರೋ ಹೆಚ್ಚಿನ ಮ್ಯಾಪ್) ಹಳೀ ವರ್ಶನ್‌ನಾಗ ನಡೆಯಂಗಿಲ್ಲ. ನಿಮ್ಮ ಆಟ ಉಳಿದಿರೋ ಪ್ರೊಫೈಲ್ ಫೋಲ್ಡರ್ ಕಾಪಿ ಇಟ್ಕೊಂಡೇ ಹಿಂದ ಹೋಗ್ರಿ. ಮಾಡ್ ತೆಗ್ಯೂಕಿಂತ ಮೊದ್ಲು ಗೇಮಿನ ಮೂಲ ಟ್ರಕ್‌ಗಿ ಬದಲಾಗ್ರಿ. ಕ್ರ್ಯಾಶ್ ಆದ್ರ ಅದೇ ಡಾಕ್ಯುಮೆಂಟ್ಸ್ ಫೋಲ್ಡರಿನಾಗ ಗೇಮ್ ಲಾಗ್ ಅನ್ನೋ ಟೆಕ್ಸ್ಟ್ ಫೈಲ್ ಅದ. ಕೊನೀ ಕಡಿಂದ ಮ್ಯಾಲಕ್ಕ ‘ಎರರ್’ ಅಂತ ಹುಡುಕ್ರಿ, ಬಹಳ ಸಲ ಯಾವ ಮಾಡಿನ ಫೈಲು ಅಂತ ಅಲ್ಲೇ ಸಿಗ್ತದ.

ಶಹಾಬಾದಿಕಲ್ಲು:
ದುಡ್ಡಿನ ಮಾಡ್ ಎಲ್ಲ ಮೋಸ ಅಂತಲ್ಲ. ಮಾಡಿದವನಿಗೆ ಎಷ್ಟು ಹೋಗುತ್ತದೆ, ಕೆಟ್ಟರೆ ಯಾರು ಹೊಣೆ ಅನ್ನೋದೇ ಜಗಳ. 2015ರ ಏಪ್ರಿಲ್ 23ಕ್ಕೆ ಸ್ಟೀಮ್‌ನ ಮಾಡ್ ಹಂಚುವ ವಿಭಾಗ ವರ್ಕ್‌ಶಾಪ್‌ನಲ್ಲಿ ಸ್ಕೈರಿಮ್ ಅನ್ನೋ ಗೇಮಿನ ಮಾಡ್ ಮಾರಾಟ ಶುರುವಾಯಿತು. ಮಾಡ್ ಮಾಡಿದವನಿಗೆ ಶೇ. 25, ಸ್ಟೀಮ್ ನಡೆಸುವ ವಾಲ್ವ್‌ಗೆ 30, ಗೇಮ್ ಕಂಪನಿ ಬೆಥೆಸ್ಡಾಗೆ 45. ಮರುಪಾವತಿಗೆ 24 ಗಂಟೆ ಮಾತ್ರ. ಬೇರೆಯವರ ಪುಕ್ಕಟೆ ಕೆಲಸ ಸೇರಿಸಿ ಮಾರುತ್ತಾರೆ ಅನ್ನೋ ತಕರಾರೂ ಎದ್ದಿತು. 27ನೇ ತಾರೀಖಿಗೇ ಅಂಗಡಿ ಮುಚ್ಚಿದರು. 2023ರ ಡಿಸೆಂಬರ್‌ನಲ್ಲಿ ಬೆಥೆಸ್ಡಾ ಕ್ರಿಯೇಶನ್ಸ್ ಅಂತ ತನ್ನದೇ ಅಂಗಡಿ ತೆರೆಯಿತು. ಅದರ ಸಂಗಡ ಬಂದ ಗೇಮಿನ ಅಪ್‌ಡೇಟಿಗೇ ಎಸ್‌ಕೆಎಸ್‌ಇ ಅನ್ನೋ ಸಹಾಯಕ ಪ್ರೋಗ್ರಾಂ ನಂಬಿದ ಪುಕ್ಕಟೆ ಮಾಡ್‌ಗಳು ಕೆಲಸ ನಿಲ್ಲಿಸಿದವು, ಏಕೆಂದರೆ ಎಸ್‌ಕೆಎಸ್‌ಇ ಗೇಮಿನ ಎಕ್ಸ್‌ಇ ವರ್ಶನ್‌ಗೆ ಅಂಟಿಕೊಂಡಿರುತ್ತದೆ. ಏನೂ ಕೊಳ್ಳದವರಿಗೂ ಪೆಟ್ಟು!

ದೊಡ್ಡ ಸೈಟ್ ಅಂದಮಾತ್ರಕ್ಕೆ ಕಣ್ಮುಚ್ಚಿ ನಂಬೋ ಹಾಗೂ ಇಲ್ಲ. 2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್ ಅನ್ನೋ ಮಾಡ್ ಸೈಟಿನಲ್ಲಿ ಮೈನ್‌ಕ್ರಾಫ್ಟ್ ಗೇಮಿನ ಮಾಡ್‌ಗಳೊಳಗೆ ಫ್ರ್ಯಾಕ್ಚರೈಸರ್ ಅನ್ನೋ ಮಾಲ್‌ವೇರ್ ಸಿಕ್ಕಿತು. ಆ ಮಾಡ್‌ಗಳು ಜಾವಾ ಜಾರ್ ಫೈಲುಗಳು, ಅಂದರೆ ಓಡುವ ಕೋಡ್. ಬಿದ್ರಿಕುಸುರಿ ಹೇಳಿದ ಎಸ್‌ಸಿಎಸ್ ಲೆಕ್ಕ ಅಲ್ಲಿ ನಡೆಯೋದಿಲ್ಲ.

ತೊಗರಿಕಣಜ:
ಮಾರೋನಿಗಿ ಕೇಳ್ದೆ ರೀ. ಎಕ್ಸ್‌ಇ ಇಲ್ಲದ್ದು ಬೇಕಂದ್ರ 600 ಅಂತ. ರಿಫಂಡ್ ಇಲ್ಲಂತ.

ಬಿದ್ರಿಕುಸುರಿ:
ಒಂದೇ ಬಸ್ಸಿಗೆ ಬೀಗ ಹಾಕೋಕೂ ರೊಕ್ಕ, ತೆಗೆಯೋಕೂ ರೊಕ್ಕ! ಮೊದಲು ವರ್ಕ್‌ಶಾಪ್‌ನಲ್ಲಿ ಅದೇ ಬಸ್ಸಿನ ಫೋಟೋ ಹೊಂದಿಸಿ ಹುಡುಕ್ರಿ. ಪುಕ್ಕಟೆ ಬಸ್ಸಿಗೆ ಬಣ್ಣ ಬದಲಿಸಿ ಮಾರೋರು ಕಮ್ಮಿ ಇಲ್ಲ. ಸ್ಟೀಮಿನ 14 ದಿನ, 2 ಗಂಟೆಯ ರಿಫಂಡ್ ಹೊರಗೆ ಕೊಂಡ ಮಾಡಿಗೆ ಬರೋದಿಲ್ಲ. ಯುಪಿಐನಲ್ಲಿ ನೀವೇ ಪಿನ್ ಹೊಡೆದು ಕಳಿಸಿದ್ದು ವಾಪಸ್ ತರೋದೂ ಕಷ್ಟ. ರೊಕ್ಕ ತಗೊಂಡು ಬ್ಲಾಕ್ ಮಾಡಿದ್ರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ, ಚಾಟ್ ಅಳಿಸಬೇಡ್ರಿ.

ಭೀಮಾದಂಡಿ:
ಬಸ್ಸಿನ ಮಾಡೆಲ್ ಪುಕ್ಕಟ ಸಿಕ್ರ ಸ್ಕಿನ್ (ಬಸ್ಸಿನ ಮ್ಯಾಲಿನ ಬಣ್ಣ, ಬರಹ) ನೀವೇ ಹಚ್ರಿ. ಮಾಡ್ ಮಾಡಿದವರು ಟೆಂಪ್ಲೇಟ್ ಕೊಟ್ಟಿದ್ರ ಗಿಂಪ್ ಅನ್ನೋ ಚಿತ್ರ ತಿದ್ದೋ ಪ್ರೋಗ್ರಾಂನಾಗ ಬಣ್ಣ ಹಾಕಿ ಡಿಡಿಎಸ್ (ಗೇಮ್ ಓದೋ ಚಿತ್ರದ ಫೈಲು) ಆಗಿ ಉಳಿಸ್ರಿ. ಅಗಲ ಎತ್ತರ 2048, 4096 ಪಿಕ್ಸೆಲ್ ಇಂಥಾ ಅಳತಿನಾಗೇ ಇರ್ಲಿ, ಮಿಪ್‌ಮ್ಯಾಪ್ (ದೂರಕ್ಕ ತೋರ್ಸೋ ಸಣ್ಣ ಪ್ರತಿಗಳು) ಆನ್ ಇರ್ಲಿ. ಇಲ್ಲಂದ್ರ ದೂರದಿಂದ ನೋಡಿದ್ರ ಅಕ್ಷರ ಮಿಣಮಿಣ ಅಂತಾವ. ಸ್ಕಿನ್ ಮಾಡ್ ಮ್ಯಾನೇಜರ್‌ನಾಗ ಬಸ್ಸಿನ ಮಾಡಿಗಿಂತ ಮ್ಯಾಲಿರ್ಬೇಕು, ಕೆಳಗಿದ್ರ ಕಾಣಂಗಿಲ್ಲ.