ಗಾಡಿ ಮುಂದೆ ಒಂದು ಪ್ಲಗ್ ನೇತಾಡ್ತಿದೆ, ಹೊರಗೆ ಮೈನಸ್ 31, ಜನವರಿಗೆ ಅಮ್ಮ ಬರ್ತಿದ್ದಾರೆ. ಗೊತ್ತಿರೋರು ಸ್ವಲ್ಪ ಹೇಳಿ

ಬೆಣ್ಣೆದೋಸೆ_ದಾವಣಗೆರೆ

ಎಲ್ರಿಗೂ ನಮಸ್ಕಾರ. ಆಗಸ್ಟಲ್ಲಿ ನಾನು ನನ್ ಹೆಂಡ್ತಿ ವಿನಿಪೆಗ್‌ಗೆ ಬಂದ್ವಿ, ಆವಾಗ ಬಿಸಿಲು ನೋಡಿ ಅಯ್ಯೋ ಇಷ್ಟೇನಾ ಕೆನಡಾ ಅಂದ್ಕೊಂಡಿದ್ವಿ. ಈಗ ಡಿಸೆಂಬರ್ ಮೊದಲ್ನೇ ವಾರ, ಇವತ್ತು ಬೆಳಿಗ್ಗೆ ಮೈನಸ್ 31, ಗಾಳಿ ಸೇರಿದ್ರೆ ಮೈನಸ್ 42 ಅಂತ ಫೋನ್ ತೋರಿಸ್ತಿದೆ. ಇಲ್ಲಿಯವರು ಈ ಊರಿಗೆ ವಿಂಟರ್‌ಪೆಗ್ ಅಂತ ಯಾಕೆ ಕರೀತಾರೆ ಅಂತ ಇವತ್ತು ಅರ್ಥ ಆಯ್ತು.

ವಿಷಯ ಏನಂದ್ರೆ ಒಂದು ಸೆಕೆಂಡ್ ಹ್ಯಾಂಡ್ ಕೊರೊಲ್ಲಾ ತಗೊಂಡಿದೀನಿ, 2012 ಮಾಡೆಲ್. ಬೆಳಿಗ್ಗೆ ಕೀ ತಿರುಗಿಸಿದ್ರೆ ಟಕ್ ಟಕ್ ಟಕ್ ಅಷ್ಟೇ, ಮೀಟರ್ ಲೈಟ್ ಕೂಡ ಮಂಕಾಗೋಯ್ತು. ಬಸ್‌ಗೆ ಕಾಯೋಣ ಅಂತ ಹೋಗಿ 12 ನಿಮಿಷ ನಿಂತೆ, ಬೆರಳು ನಂದಾ ಬೇರೆಯವ್ರದ್ದಾ ಗೊತ್ತಾಗ್ಲಿಲ್ಲ, ಮೂಗಿನೊಳಗಿನ ಕೂದಲು ಉಸಿರು ತಗೊಂಡಾಗೆಲ್ಲ ಗಟ್ಟಿಯಾಗಿ ಚುಚ್ತಿತ್ತು, ಫೋನ್ 60 ಪರ್ಸೆಂಟ್ ಇದ್ದಿದ್ದು ಸೀದಾ ಆಫ್. ವಾಪಸ್ ಬಂದು ಮನೆಯಿಂದಾನೇ ಕೆಲಸ ಮಾಡಿದೆ.

ಇನ್ನೊಂದು, ಗಾಡಿ ಮುಂದಿನ ಗ್ರಿಲ್‌ನಿಂದ ಒಂದು ಕರೀ ವೈರು, ತುದೀಲಿ ಮೂರು ಪಿನ್ ಪ್ಲಗ್, ನೇತಾಡ್ತಾ ಇದೆ. ತಗೊಂಡಾಗಿಂದ ನೋಡ್ತಿದೀನಿ, ಹಳೇ ಓನರ್ ಏನೋ ಹಾಕ್ಸಿ ಬಿಟ್ಟಿರ್ಬೇಕು ಅಂತ ಕಟ್ ಮಾಡೋಣ ಅಂತಿದ್ದೆ. ಪೆಟ್ರೋಲ್ ಗಾಡಿಗೆ ಪ್ಲಗ್ ಯಾಕೆ?

ಕೊನೇದು ದೊಡ್ಡ ಚಿಂತೆ. ಹೆಂಡ್ತಿಗೆ ಜನವರಿ ಕೊನೆಗೆ ಡೇಟ್ ಕೊಟ್ಟಿದ್ದಾರೆ, ಬಾಣಂತನಕ್ಕೆ ಅಮ್ಮ ಜನವರಿ 10ಕ್ಕೆ ಬರ್ತಿದ್ದಾರೆ. ಅವ್ರಿಗೆ 61, ದಾವಣಗೆರೆ ಬಿಟ್ಟು ಚಳಿ ಅಂದ್ರೆ ಒಂದ್ಸಲ ಊಟಿ ನೋಡಿದ್ದು ಅಷ್ಟೇ. ಸೀರೆ ಬಿಟ್ಟು ಬೇರೆ ಉಡಲ್ಲ. ಟಿಕೆಟ್ ಮುಂದಕ್ಕೆ ಹಾಕೋಣ ಅಂದ್ರೆ ಮಗು ಕಾಯುತ್ತಾ? ಏನ್ ಮಾಡ್ಲಿ ಹೇಳಿ.

ಮೈಸೂರ್‌ಪಾಕ್_ಎಡ್ಮಂಟನ್

ಗುರು ಮೊದಲು ಆ ಕತ್ತರಿ ಕೆಳಗಿಡು!! ಅದು ಬ್ಲಾಕ್ ಹೀಟರ್. ನೀನು ತಗೊಂಡಿರೋ ಗಾಡೀಲಿ ಅತಿ ಮುಖ್ಯವಾದ ಪಾರ್ಟೇ ಅದು.

ಇಂಜಿನ್ ಒಳಗೆ ಕೂಲೆಂಟ್‌ಗೆ ಒಂದು ಚಿಕ್ಕ ಕಾಯಿಲ್ ಹಾಕಿರ್ತಾರೆ, ನಾವು ಬಕೆಟ್‌ಗೆ ಹಾಕೋ ಕಾಯಿಲ್ ಥರಾನೇ ಅನ್ಕೋ. ಕರೆಂಟ್‌ಗೆ ಹಾಕಿದ್ರೆ ಇಂಜಿನ್ ಬೆಚ್ಚಗಾಗುತ್ತೆ, ಆಯಿಲ್ ತೆಳುವಾಗುತ್ತೆ, ಸ್ಟಾರ್ಟರ್‌ಗೆ ತಿರುಗಿಸೋಕೆ ಸುಲಭ. ನಿನ್ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಪ್ರತಿ ಜಾಗದ ಮುಂದೆ ಒಂದು ಗೂಟ, ಅದ್ರಲ್ಲಿ ಸಾಕೆಟ್ ಇದೆ ತಾನೆ, ಅದು ಇದಕ್ಕೇ ಇರೋದು. ಕೆಲವು ಕಡೆ ಆ ಸಾಕೆಟ್‌ಗೆ ಕರೆಂಟ್ ಬಿಟ್ಟು ಬಿಟ್ಟು ಬರೋ ಹಾಗೆ ಮಾಡಿರ್ತಾರೆ, ಬಿಲ್ ಉಳಿಸೋಕೆ, ಹೆದರ್ಬೇಡ. ಮೈನಸ್ 15 ದಾಟಿದ್ರೆ ನಾನು ಹಾಕ್ತೀನಿ. ರಾತ್ರಿಯೆಲ್ಲ ಬೇಕಾಗಿಲ್ಲ, ಹೊರಡೋ 3-4 ಗಂಟೆ ಮುಂಚೆ ಆನ್ ಆಗೋ ಹಾಗೆ ಹೊರಗಡೆ ಬಳಸೋ ಟೈಮರ್ ಒಂದು ತಗೋ. ಎಕ್ಸ್‌ಟೆನ್ಷನ್ ವೈರ್ ಮಾತ್ರ ಚಳಿಗೆ ಅಂತಾನೇ ಮಾಡಿರೋದು ತಗೋ, ಮಾಮೂಲಿ ವೈರ್ ಈ ಚಳೀಲಿ ಒಣಗಿದ ಕಡ್ಡಿ ಥರ ಆಗುತ್ತೆ, ಬಗ್ಗಿಸಿದ್ರೆ ಸಿಪ್ಪೆ ಒಡೆಯುತ್ತೆ.

ಟಕ್ ಟಕ್ ಅಂದಿದ್ದು ಬ್ಯಾಟರಿ. ಮೈನಸ್ 18ಕ್ಕೆ ಬಂದ್ರೆ ಬ್ಯಾಟರಿ ಶಕ್ತಿ ಹತ್ತಿರ ಹತ್ತಿರ ಅರ್ಧ ಹೋಗಿರುತ್ತೆ, ಅದೇ ಹೊತ್ತಿಗೆ ಇಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸೋಕೆ ಜಾಸ್ತಿ ಶಕ್ತಿ ಬೇಕು, ಎರಡೂ ಕಡೆಯಿಂದ ಏಟು. ಬ್ಯಾಟರಿ ಮೇಲೆ ಸಿಸಿಎ ಅಂತ ಒಂದು ನಂಬರ್ ಇರುತ್ತೆ, ಅದು ಮೈನಸ್ 18ರಲ್ಲಿ ಎಷ್ಟು ಆಂಪಿಯರ್ ಕೊಡುತ್ತೆ ಅನ್ನೋ ಲೆಕ್ಕ. ಅಂಗಡೀಲಿ ಟೆಸ್ಟ್ ಮಾಡ್ಸು. 4-5 ವರ್ಷದ್ದಾಗಿದ್ರೆ ಯೋಚ್ನೆ ಮಾಡ್ದೆ ಬದಲಾಯಿಸು, ನಿನ್ ಗಾಡಿಗೆ ಹೊಂದೋದ್ರಲ್ಲಿ ಜಾಸ್ತಿ ಸಿಸಿಎ ಇರೋದು ಹಾಕ್ಸು. ಆಯಿಲ್ 0ಡಬ್ಲ್ಯೂ-20 ಸಿಂಥೆಟಿಕ್ (ಚಳೀಲೂ ತೆಳುವಾಗಿ ಹರಿಯೋದು) ಇದೆಯಾ ನೋಡು. ಕೂಲೆಂಟ್ ಕೂಡ ಚೆಕ್ ಮಾಡ್ಸು, ಅರ್ಧ ನೀರು ಅರ್ಧ ಕೂಲೆಂಟ್ ಇದ್ರೆ ಸುಮಾರು ಮೈನಸ್ 37ರ ತನಕ ತಡೆಯುತ್ತೆ, ನಿಮ್ಮೂರಿಗೆ ಇನ್ನೂ ಸ್ವಲ್ಪ ಗಟ್ಟಿ ಇದ್ರೆ ಒಳ್ಳೇದು.

ಟೈರ್ ಬಗ್ಗೆ ನೀನು ಏನೂ ಕೇಳಿಲ್ಲ ಅಂದ್ರೆ ಇನ್ನೂ ಹಳೇ ಟೈರಲ್ಲೇ ಓಡಿಸ್ತಿದೀಯ. ಮಾಮೂಲಿ ಟೈರ್ ರಬ್ಬರ್ 7 ಡಿಗ್ರಿ ಕೆಳಗೆ ಬಿಗಿಯಾಗೋಕೆ ಶುರು, ಮೈನಸ್ 30ಕ್ಕೆ ಸ್ಕೇಟಿಂಗ್. ವಿಂಟರ್ ಟೈರ್ ಹಾಕ್ಸು, ಟೈರ್ ಪಕ್ಕದಲ್ಲಿ ಬೆಟ್ಟದೊಳಗೆ ಹಿಮದ ಹೂವು ಇರೋ ಗುರುತು ನೋಡಿ ತಗೋ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಕಡ್ಡಾಯ, ನಿಮ್ಮ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಕಡ್ಡಾಯ ಇಲ್ಲ, ಅದಕ್ಕೇ ಹೊಸಬರು ಬಿಟ್ಟುಬಿಡೋದು. ಮ್ಯಾನಿಟೋಬಾ ಪಬ್ಲಿಕ್ ಇನ್ಶೂರೆನ್ಸ್‌ನವ್ರು ವಿಂಟರ್ ಟೈರ್‌ಗೆ ಕಮ್ಮಿ ಬಡ್ಡೀಲಿ ಸಾಲ ಕೊಡೋ ಸ್ಕೀಮ್ ಇದೆ, ಟೈರ್ ಅಂಗಡೀಲೇ ಕೇಳು.

ಒಂದು ಮಾತು, ನಾಚಿಕೆ ಬಿಟ್ಟು ಹೇಳ್ತೀನಿ. ನನ್ ಮೊದಲ್ನೇ ವರ್ಷ ಪ್ಲಗ್ ತೆಗೆಯೋದು ಮರೆತು ಹಂಗೇ ಆಫೀಸ್‌ಗೆ ಹೊರಟೆ. ಸಿಗ್ನಲ್‌ನಲ್ಲಿ ಪಕ್ಕದ ಗಾಡಿಯವಳು ಕೈ ತೋರಿಸಿ ನಗ್ತಿದ್ಲು, ನಾನು ವಾಪಸ್ ನಕ್ಕು ಕೈ ಬೀಸಿದೆ. ಇಳಿದು ನೋಡಿದ್ರೆ 15 ಅಡಿ ಕಿತ್ತಳೆ ಬಣ್ಣದ ವೈರು ಬಾಲದ ಥರ ಹಿಂದೆ ಬರ್ತಿತ್ತು. ಅವತ್ತಿಂದ ಪ್ಲಗ್ ಹಾಕಿದ್ ತಕ್ಷಣ ವೈರನ್ನ ಸೈಡ್ ಮಿರರ್‌ಗೆ ಒಂದು ಸುತ್ತು ಸುತ್ತಿ ಬಿಡ್ತೀನಿ.

ಬುಲೆಟ್_ರಾಜ_560040

ಇಷ್ಟೆಲ್ಲ ಯಾಕೆ ಬ್ರೋ. ಬೆಳಿಗ್ಗೆ ಅರ್ಧ ಗಂಟೆ ಗಾಡಿ ಆನ್ ಮಾಡಿ ಬಿಟ್ಬಿಡಿ, ಗ್ಲಾಸ್ ಮೇಲೆ ಐಸ್ ಇದ್ರೆ ಒಂದು ಚೊಂಬು ಬಿಸಿ ನೀರು ಹಾಕಿ ಸಾಕು. ಕೊಡೈಕೆನಾಲ್‌ನಲ್ಲಿ ನಾವು ಹಂಗೇ ಮಾಡಿದ್ದು.

ಮೈಸೂರ್‌ಪಾಕ್_ಎಡ್ಮಂಟನ್

ಬ್ರೋ ಕೊಡೈಕೆನಾಲ್ ಬೇರೆ ಇದು ಬೇರೆ. ಮೈನಸ್ 30 ಗ್ಲಾಸ್ ಮೇಲೆ ಬಿಸಿ ನೀರು ಹಾಕಿದ್ರೆ ಗ್ಲಾಸ್ ಸೀಳು ಬಿಡುತ್ತೆ, ಬಿಡ್ಲಿಲ್ಲ ಅಂದ್ರೂ ಆ ನೀರು ಅಲ್ಲೇ ಇನ್ನೊಂದು ಪದರ ಐಸ್ ಆಗಿ ಕೂರುತ್ತೆ. ಸ್ಕ್ರೇಪರ್‌ನಲ್ಲಿ ಕೆರೀಬೇಕು, ಬೇರೆ ದಾರಿ ಇಲ್ಲ. ಅರ್ಧ ಗಂಟೆ ಐಡಲ್ ಕಾರ್ಬುರೇಟರ್ ಕಾಲದ್ದು, ಈಗಿನ ಗಾಡಿಗೆ ಇಂಜಿನ್ ಸಲುವಾಗಿ ಒಂದೆರಡು ನಿಮಿಷ ಸಾಕು, ಆಮೇಲೆ ಮೊದಲ ಹತ್ತು ನಿಮಿಷ ಮೆಲ್ಲಗೆ ಓಡಿಸಿದ್ರೆ ಅದೇ ಬೇಗ ಬಿಸಿಯಾಗುತ್ತೆ. ಗ್ಲಾಸ್ ಮೇಲಿನ ಐಸ್ ಬಿಡೋಕೆ, ನಿನ್ ಕೈ ಸ್ಟಿಯರಿಂಗ್ ಹಿಡಿಯೋ ಹಾಗಾಗೋಕೆ ಐದ್ಹತ್ತು ನಿಮಿಷ ಬೇಕು ಅಂದ್ರೆ ಒಪ್ಪುತ್ತೀನಿ. ವಾಷರ್ ಟ್ಯಾಂಕ್‌ಗೆ ನೀರು ಹಾಕಿದ್ರೆ ಟ್ಯಾಂಕೇ ಒಡೆಯುತ್ತೆ, ಮೈನಸ್ 40 ಅಂತ ಬರೆದಿರೋ ಲಿಕ್ವಿಡ್ ಹಾಕು.

ಬೆಳಗಾವಿ_ಮಾಜಿಸೈನಿಕ

ನಮಸ್ಕಾರ್ರಿ. ನಾ ಕೆನಡಾ ನೋಡಿಲ್ಲ, ಆದ್ರ ಇಎಂಇದಾಗ (ಸೈನ್ಯದ ಗಾಡಿ, ಯಂತ್ರ ರಿಪೇರಿ ವಿಭಾಗ) 17 ವರ್ಷ ಗಾಡಿ ರಿಪೇರಿ ಮಾಡೀನಿ, ಅದರಾಗ ಎರಡು ಚಳಿಗಾಲ ಲೇಹ್ ಕಡೆ, ಒಂದು ದ್ರಾಸ್‌ದಾಗ. ಥಂಡಿಗೆ ದೇಶ ಇಲ್ಲ ಬಿಡ್ರಿ, ಬುದ್ಧಿ ಒಂದೇ.

ನಮ್ಮ ತ್ರಾಸ ಡೀಸೆಲ್‌ದಾಗಿತ್ತು. ಡೀಸೆಲ್‌ದಾಗ ಮೇಣ ಇರತದ, ಥಂಡಿ ಹೆಚ್ಚಾದಂಗ ಅದು ತುಪ್ಪ ಹೆಪ್ಪಗಟ್ಟಿದಂಗ ಆಗಿ ಫಿಲ್ಟರ್‌ನ್ಯಾಗ ಕುಂದರತದ. ಲಾರಿ ಡ್ರೈವರ್ ಮಂದಿ ಟ್ಯಾಂಕ್ ಕೆಳಗ ಬೆಂಕಿ ಹಚ್ಚತಿದ್ರು, ನೋಡಿದ್ರ ಎದಿ ಝಲ್ ಅಂತಿತ್ತು. 2019ರ ನವೆಂಬರ್‌ದಾಗ ಇಂಡಿಯನ್ ಆಯಿಲ್‌ನವರು ಲಡಾಖಕ್ಕಂತನ ಮೈನಸ್ 33ರ ತನಾ ಹರಿಯೋ ಡೀಸೆಲ್ ತಂದ್ರು, ನಾ ಅಷ್ಟೊತ್ತಿಗೆ ರಿಟೈರ್ ಆಗಿದ್ದೆ, ನಮ್ಮ ನಸೀಬಕ್ಕ ಅದು ಇರಲಿಲ್ಲ. ನಿಮ್ಮದು ಪೆಟ್ರೋಲ್, ಈ ಕಾಟ ಇಲ್ಲ, ಆದ್ರೂ ಟಾಕಿ ಅರ್ಧಕ್ಕಿಂತ ಕೆಳಗ ಇಳಿಸಬ್ಯಾಡ್ರಿ. ಖಾಲಿ ಜಾಗದಾಗ ಹವಾದಾಗಿನ ನೀರು ಕುಂತು ಪೈಪಿನ್ಯಾಗ ಬರ್ಫ್ ಆಗತದ. ಅಲ್ಲದ ನಡುದಾರಿಯೊಳಗ ಸಿಕ್ಕಿಬಿದ್ರ ಟಾಕಿ ತುಂಬ ಇದ್ದಾವ ಬದುಕತಾನ.

ಹ್ಯಾಂಡ್‌ಬ್ರೇಕ್ ಎಳದು ರಾತ್ರಿ ಬಿಡಬ್ಯಾಡ್ರಿ, ಕೇಬಲ್ ಹಿಡಕೊಂಡು ಬಿಡತದ, ಸಪಾಟ ಜಾಗದಾಗ ಗೇರಿನ್ಯಾಗ ನಿಲ್ಲಸ್ರಿ ಸಾಕು. ಬಾಗಿಲಾ ಹತ್ತಿಕೊಂಡ್ರ ಸಿಟ್ಟಲೆ ಜಗ್ಗಬ್ಯಾಡ್ರಿ, ರಬ್ಬರ್ ಕಿತ್ತು ಬರತದ. ಮೊದಲ ಒಳಗ ಒತ್ತರಿ, ಬರ್ಫ್ ಒಡೀತದ, ಆಮ್ಯಾಲ ತಗೀರಿ. ರಬ್ಬರ್‌ಗೆ ಮುಂಚೇನ ಸಿಲಿಕಾನ್ ಸ್ಪ್ರೇ ಹೊಡದಿದ್ರ ಇದೂ ಬರಂಗಿಲ್ಲ.

ಡಿಕ್ಕಿಯೊಳಗ ಒಂದು ಕಂಬಳಿ, ಸಲಿಕಿ, ಒಂದು ಚೀಲ ಮರಳು (ಜಾರೋ ಚಕ್ರದ ಕೆಳಗ ಹಾಕಾಕ), ಜಂಪರ್ ಕೇಬಲ್, ಟಾರ್ಚ್, ತಿನ್ನಾಕ ಏನರೆ. ಬರ್ಫಿನ್ಯಾಗ ಸಿಕ್ಕಿಬಿದ್ರ ಗಾಡಿ ಬಿಟ್ಟು ನಡದು ಹೋಗಬ್ಯಾಡ್ರಿ. ಇಂಜಿನ್ ತಾಸಿಗೆ ಹತ್ತು ನಿಮಿಷ ಚಾಲೂ ಮಾಡ್ರಿ, ಆದ್ರ ಚಾಲೂ ಮಾಡೂ ಮುಂಚೆ ಇಳದು ಹೋಗಿ ಸೈಲೆನ್ಸರ್ ಬಾಯಿ ಬರ್ಫಿನ್ಯಾಗ ಮುಚ್ಚೇತೇನು ನೋಡ್ರಿ. ಮುಚ್ಚಿದ್ರ ಹೊಗಿ ಒಳಗ ಬರತದ, ಅದರಾಗಿನ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನಿ ಇಲ್ಲ ಬಣ್ಣ ಇಲ್ಲ, ನಿದ್ದಿ ಬಂದಂಗ ಆಗತದ ಅಷ್ಟ. ನಮ್ಮಲ್ಲಿ ಬುಖಾರಿ (ಖೋಲಿ ಬೆಚ್ಚಗ ಮಾಡೋ ಒಲಿ) ಹಚ್ಚಿ ಮಲಗಾಕ ಹೋಗೋರಿಗೆ ಕಿಟಕಿ ಒಂದು ಬೆರಳು ತಗದಿಡ್ರೋ ಅಂತ ದಿನಾ ಒದರತಿದ್ವಿ. ಥಂಡಿಗಿಂತ ಈ ಹೊಗಿ ಕೆಟ್ಟದ್ದು.

ಉಡುಪಿ_ಮಿನಿಯಾಪೊಲಿಸ್

ಅಣ್ಣ ಹೊಗೆ ವಿಷಯ ಹೇಳಿದ್ದು ನೋಡಿ ನಂಗೆ ನಮ್ಮ ಮನೆ ಕಥೆ ನೆನಪಾಯ್ತು. ನನ್ನ ಬಾಣಂತನಕ್ಕೆ ಅಮ್ಮ ಬಂದಿದ್ದು 2019 ಜನವರಿಗೆ, ಆ ಪೋಲಾರ್ ವೋರ್ಟೆಕ್ಸ್ (ಉತ್ತರ ಧ್ರುವದ ಚಳಿಗಾಳಿ ಕೆಳಗೆ ಇಳಿಯುವುದು) ಬಂತಲ್ಲ ಅದೇ ವರ್ಷ. ಜನವರಿ 30ಕ್ಕೆ ಇಲ್ಲಿ ಮೈನಸ್ 28 ಫ್ಯಾರನ್‌ಹೀಟ್, ಅಂದ್ರೆ ನಿಮ್ಮ ಲೆಕ್ಕದಲ್ಲಿ ಮೈನಸ್ 33. ಪೋಸ್ಟ್‌ನವರೇ ಅಂಚೆ ಹಂಚುವುದು ನಿಲ್ಲಿಸಿದ್ರು ಮಾರಾಯ್ರೆ. ಅಂಥ ವಾರದಲ್ಲಿ ನಮ್ಮಮ್ಮ ಮಗುವಿಗೆ ಸ್ನಾನ ಮಾಡಿಸಿ ಊರಲ್ಲಿ ಮಾಡಿದ ಹಾಗೆ ಸಾಂಬ್ರಾಣಿ ಹಾಕಿದ್ದು. ಎರಡು ನಿಮಿಷಕ್ಕೆ ಅಲಾರಂ, ಮತ್ತೆ ಇಡೀ ಬಿಲ್ಡಿಂಗಿನ ಅಲಾರಂ, 40 ಮನೆಯವರು ಪೈಜಾಮದಲ್ಲಿ ಹೊರಗೆ. ಫೈರ್ ಟ್ರಕ್ಕಿನವರು ಬಂದು ನೋಡುವಾಗ ಅಮ್ಮ ಕೈಯಲ್ಲಿ ಧೂಪದ ಬಟ್ಟಲು ಹಿಡ್ಕೊಂಡು ನಿಂತಿದ್ದಾರೆ! ಇವತ್ತಿಗೂ ಲಿಫ್ಟಲ್ಲಿ ಕೆಲವರು ನನ್ನ ಮುಖ ನೋಡಿ ನಗ್ತಾರೆ. ಹಾಗಾಗಿ ಸಾಂಬ್ರಾಣಿ ಬೇಡ, ಕೆಂಡ ಅಂತೂ ಬೇಡವೇ ಬೇಡ, ಇಲ್ಲಿ ಮನೆ ಎಲ್ಲ ಕಡೆ ಮುಚ್ಚಿರ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಉಂಟಾ ಅಂತ ಇವತ್ತೇ ನೋಡಿ.

ಅಮ್ಮನ ಟಿಕೆಟ್ ಮುಂದೆ ಹಾಕ್ಬೇಡಿ. ಮನೆಯೊಳಗೆ 21-22 ಡಿಗ್ರಿ ಇರ್ತದೆ, ಅವರು ಹೊರಗೆ ಹೋಗುವುದೇ ವಾರಕ್ಕೊಮ್ಮೆ. ನಿಜ ಹೇಳ್ಬೇಕಾದ್ರೆ ಚಳಿಗಿಂತ ಅವರಿಗೆ ಕಷ್ಟ ಆಗುವುದು ಒಣ ಹವೆ. ಹೀಟರಿನ ಗಾಳಿಗೆ ಮೂಗಲ್ಲಿ ರಕ್ತ ಬರ್ತದೆ, ಹಿಮ್ಮಡಿ ಒಡೀತದೆ, ಯಾರನ್ನು ಮುಟ್ಟಿದ್ರೂ ಚಟ್ ಅಂತ ಕರೆಂಟ್ ಹೊಡೀತದೆ, ನಮ್ಮಮ್ಮ ಮೊದಲ ದಿನ ಮೊಮ್ಮಗುವನ್ನು ಮುಟ್ಟಲಿಕ್ಕೇ ಹೆದರಿದ್ರು. ಹ್ಯುಮಿಡಿಫೈಯರ್ ಒಂದು ಇಡಿ, ಆದ್ರೆ ಜಾಸ್ತಿ ಬೇಡ, ಕಿಟಕಿಗೆಲ್ಲ ಒಳಗಿಂದ ಐಸ್ ಕಟ್ತದೆ.

ಏರ್‌ಪೋರ್ಟಿಗೆ ನೀವು ಅವರ ಜಾಕೆಟ್, ಬೂಟು, ಟೋಪಿ ಹಿಡ್ಕೊಂಡೇ ಹೋಗಿ, ಒಳಗೇ ಹಾಕಿಸಿ. ಸೀರೆ ಬಿಡಿ ಅಂತ ಗಲಾಟೆ ಮಾಡ್ಬೇಡಿ, ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿ ಮೇಲೆ ಸೀರೆ ಉಟ್ರೆ ಆಯ್ತು, ಯಾರಿಗೂ ಕಾಣುವುದಿಲ್ಲ. ಹತ್ತಿಯದ್ದು ಮೈಗೆ ತಾಗಿ ಬೇಡ, ಬೆವರು ಹೀರಿ ತಣ್ಣಗೆ ಕೂತ್ಕೊಳ್ತದೆ. ಬೆರಳು ಬೆರಳಾಗಿರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ಗಾಳಿ ಸೇರಿ ಮೈನಸ್ 40 ದಾಟಿದ ದಿನ ಬರೀ ಚರ್ಮ 5-10 ನಿಮಿಷದಲ್ಲಿ ಸೆಡೆಯಬಹುದು, ನೀವು ಬಸ್ ಸ್ಟಾಪಲ್ಲಿ 12 ನಿಮಿಷ ನಿಂತದ್ದು ಅದೃಷ್ಟ. ಬೆರಳು ಬೆಳ್ಳಗಾದ್ರೆ ತಿಕ್ಕಬೇಡಿ, ಮನೆಗೆ ಬಂದು ಉಗುರು ಬೆಚ್ಚಗಿನ ನೀರಲ್ಲಿ ಇಡಿ, ಬಣ್ಣ ಬರದಿದ್ರೆ ಡಾಕ್ಟರ ಹತ್ರ ಹೋಗಿ.

ಮಗುವನ್ನು ಆಸ್ಪತ್ರೆಯಿಂದ ತರುವಾಗ ದಪ್ಪ ಜಾಕೆಟ್ ಹಾಕಿ ಕಾರ್ ಸೀಟಿನ ಬೆಲ್ಟ್ ಕಟ್ಟಬೇಡಿ, ಜಾಕೆಟ್ ಅಮುಕಿ ಬೆಲ್ಟ್ ಸಡಿಲ ಆಗ್ತದೆ. ತೆಳು ಬಟ್ಟೆ ಹಾಕಿ, ಬೆಲ್ಟ್ ಕಟ್ಟಿ, ಅದರ ಮೇಲೆ ಕಂಬಳಿ.

ಮತ್ತೆ ನೀವು ದೋಸೆ ಹೆಸರಿಟ್ಟುಕೊಂಡವರು, ಹಿಟ್ಟು ಹುಳಿ ಬರುವುದಿಲ್ಲ ಅಂತ ಮುಂದಿನ ಪ್ರಶ್ನೆ ಅದೇ ತಾನೆ? ಓವನ್ ಆನ್ ಮಾಡದೆ ಲೈಟ್ ಮಾತ್ರ ಹಾಕಿ ರಾತ್ರಿ ಒಳಗಿಡಿ. ಮೊಸರಿಗೂ ಅದೇ. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಇಲ್ಲಾಂದ್ರೆ ಯಾರಾದ್ರೂ ಪಿಜ್ಜಾ ಮಾಡ್ಲಿಕ್ಕೆ ಪ್ರೀಹೀಟ್ ಮಾಡ್ತಾರೆ. ನಮ್ಮವರು ಮಾಡಿದ್ದಾರೆ, ಪ್ಲಾಸ್ಟಿಕ್ ಡಬ್ಬ ಸಮೇತ.

ಬೆಣ್ಣೆದೋಸೆ_ದಾವಣಗೆರೆ

ಅಕ್ಕ ನಗು ತಡೆಯೋಕಾಗ್ಲಿಲ್ಲ, ಹೆಂಡ್ತಿಗೂ ಓದಿ ಹೇಳಿದೆ. ಅಮ್ಮ ಸಾಂಬ್ರಾಣಿ ಪೊಟ್ಟಣ ಆಗ್ಲೇ ಸೂಟ್‌ಕೇಸಿಗೆ ಹಾಕಿದ್ರಂತೆ, ಫೋನ್ ಮಾಡಿ ತೆಗೆಸ್ದೆ, ಬೇಜಾರಾಗಿದ್ದಾರೆ. ಬ್ಯಾಟರಿ ಟೆಸ್ಟ್ ಮಾಡಿಸಿದ್ರೆ 2017ದು ಅಂತೆ, ಬದಲಾಯಿಸಿದೆ. ನಿನ್ನೆ ರಾತ್ರಿ ಪ್ಲಗ್ ಹಾಕಿದ್ದೆ, ಇವತ್ತು ಮೈನಸ್ 29, ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಅರ್ಧ ರಸ್ತೆ ಗಾಡಿ ದಡ ದಡ ಅಂತ ಎತ್ತಿನಗಾಡಿ ಥರ ಓಡ್ತು, ಆಮೇಲೆ ಸರಿಹೋಯ್ತು, ಅದೇನು? ಮತ್ತೆ ಡ್ಯಾಶ್‌ಬೋರ್ಡಲ್ಲಿ ಹಳದಿ ಲೈಟ್ ಒಂದು ಬಂದಿದೆ, ಕುದುರೆ ಲಾಳದ ಥರ, ಮಧ್ಯ ಆಶ್ಚರ್ಯ ಚಿಹ್ನೆ.

ಸರ್ (ಬೆಳಗಾವಿ), ಮರಳು ಎಲ್ಲಿ ಸಿಗುತ್ತೆ ಇಲ್ಲಿ? ಎಲ್ಲಾ ಹಿಮದಡಿ ಇದೆ.

ಬೆಳಗಾವಿ_ಮಾಜಿಸೈನಿಕ

ಬೆಕ್ಕು ಸಾಕೋರು ಬೆಕ್ಕಿನ ಕಕ್ಕಸಿಗೆ ಹಾಕ್ತಾರಲ್ಲ ಆ ಮಣ್ಣು, ಅದು ನಡೀತದಂತ. ನನ್ನ ಮಗಳು ಹೇಳಿದ್ಲು, ಅಕಿ ನಾರ್ವೆದಾಗ ಇದ್ದಾಳ.

ಮೈಸೂರ್‌ಪಾಕ್_ಎಡ್ಮಂಟನ್

ದಡ ದಡ ಅಂದಿದ್ದು ಟೈರ್. ರಾತ್ರಿಯೆಲ್ಲ ನಿಂತ ಜಾಗದಲ್ಲಿ ಚಪ್ಪಟೆಯಾಗಿ ಹಂಗೇ ಗಟ್ಟಿಯಾಗಿರುತ್ತೆ, ಚೌಕ ಚಕ್ರ ಅಂತೀವಿ ನಾವು, ಓಡಿ ಬಿಸಿಯಾದ್ಮೇಲೆ ದುಂಡಗಾಗುತ್ತೆ. ಹಳದಿ ಲೈಟ್ ಗಾಳಿ ಕಮ್ಮಿ ಅಂತ. 5-6 ಡಿಗ್ರಿ ಇಳಿದ್ರೆ ಒಂದು ಪಿಎಸ್‌ಐ (ಟೈರ್ ಗಾಳಿ ಒತ್ತಡದ ಅಳತೆ) ಇಳಿಯುತ್ತೆ, ನೀನು ಆಗಸ್ಟ್‌ನಲ್ಲಿ 25 ಡಿಗ್ರೀಲಿ ಹಿಡಿಸಿದ್ದು, ಈಗ ಮೈನಸ್ 29, ಒಂಬತ್ತು ಹತ್ತು ಪಿಎಸ್‌ಐ ಹೋಗಿದೆ. ಇವತ್ತೇ ಹಿಡಿಸು, ಗಾಳಿ ಮೆಷಿನ್ ಪೈಪ್ ಕೂಡ ಕೆಲವು ಬಂಕಲ್ಲಿ ಹೆಪ್ಪುಗಟ್ಟಿರುತ್ತೆ, ಎರಡು ಮೂರು ಕಡೆ ನೋಡ್ಬೇಕಾಗುತ್ತೆ. ವಿಂಟರ್ ಟೈರ್ ಹಾಕಿಸ್ಕೊಂಡ್ಯಾ ಇಲ್ವಾ, ಅದನ್ನ ಹೇಳ್ಲೇ ಇಲ್ಲ ನೀನು.

ಬೆಣ್ಣೆದೋಸೆ_ದಾವಣಗೆರೆ

ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ ಸರ್. ಅಲ್ಲೀವರೆಗೂ ಬಸ್ಸು, ಎರಡು ಜೊತೆ ಸಾಕ್ಸು.