ಪದಚರ್ಚೆ: ಚಿತ್ರ ಬರೆಯುವ ‘ಟ್ಯಾಬ್ಲೆಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಚಿತ್ರಕಲೆ ಕಲಿಯುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಕೊಡಲು ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು, ವಿನ್ಯಾಸ ಮಾಡಲು ಯಾವ ಟ್ಯಾಬ್ಲೆಟ್ ಕೊಳ್ಳಬೇಕು, ಕೊಳ್ಳುವಾಗ ಏನನ್ನು ನೋಡಬೇಕು ಎಂಬುದು ಅದರ ವಿಷಯ. ತಂತ್ರಜ್ಞಾನ ಬಿಡಿಸಿ ಹೇಳುವುದು ಕಷ್ಟವಾಗಲಿಲ್ಲ, ಹೆಸರಿಡುವುದು ಕಷ್ಟವಾಗಿದೆ. ನನ್ನ ಊಹೆಗಳನ್ನೂ ಅನುಮಾನಗಳನ್ನೂ ಇಲ್ಲಿ ಇಡುತ್ತಿದ್ದೇನೆ, ದಯವಿಟ್ಟು ಒರೆಗೆ ಹಚ್ಚಿ ನೋಡಿ.

ತೊಡಕಿನ ಬೇರು ‘ಟ್ಯಾಬ್’ ಎಂಬ ಒಂದೇ ಮಾತಿನಲ್ಲಿದೆ. ಈ ಮಾತಿನಡಿ ಮೂರು ಬೇರೆ ಬೇರೆ ಸಾಧನಗಳು ಸೇರಿಕೊಂಡಿವೆ. ಮೊದಲನೆಯದಕ್ಕೆ ತೆರೆಯೇ (ಸ್ಕ್ರೀನ್) ಇಲ್ಲ. ಅದೊಂದು ಚಪ್ಪಟೆ ಕಪ್ಪು ಹಲಗೆ, ಕಂಪ್ಯೂಟರಿಗೆ ಜೋಡಿಸಿ ಬಳಸುವಂಥದ್ದು. ಕೈ ಮೇಜಿನ ಮೇಲೆ ಆಡುತ್ತದೆ, ಕಣ್ಣು ಎದುರಿನ ಮಾನಿಟರಿನ ಮೇಲಿರುತ್ತದೆ. ವೇಕಮ್ ಕಂಪನಿಯ ಇಂಟುವೋಸ್, ಹ್ಯೂಯಾನ್ ಮತ್ತು ಎಕ್ಸ್‌ಪಿ-ಪೆನ್ ಕಂಪನಿಗಳ ಅಗ್ಗದ ಮಾದರಿಗಳು ಈ ಬಗೆಯವು. ಎರಡನೆಯದರಲ್ಲಿ ತೆರೆ ಇದೆ, ಗೆರೆ ಮೂಡುವ ಜಾಗದಲ್ಲೇ ಕಣ್ಣೂ ಇರುತ್ತದೆ. ವೇಕಮ್‌ನ ಸಿಂಟಿಕ್ ಇದಕ್ಕೆ ಉದಾಹರಣೆ. ಆದರೆ ಸಾಮಾನ್ಯವಾಗಿ ಇದಕ್ಕೂ ಕಂಪ್ಯೂಟರ್ ಬೇಕೇ ಬೇಕು, ಏಕೆಂದರೆ ಇದು ಪೆನ್ನಿನ ಜಾಡು ಹಿಡಿಯುವ ಮಾನಿಟರ್, ಅಷ್ಟೆ. ಮೂರನೆಯದು ಐಪ್ಯಾಡ್, ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್‌ಗಳಂಥದ್ದು, ತಾನೇ ಒಂದು ಕಂಪ್ಯೂಟರ್.

ಈ ಮೂರರ ನಡುವಿನ ವ್ಯತ್ಯಾಸ ತಿಳಿಯದೆ ದುಡ್ಡು ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಕಂಪ್ಯೂಟರೇ ಇಲ್ಲದವರು ಎರಡನೆಯ ಬಗೆಯದನ್ನು ತಂದು, ಅದು ತಾನಾಗಿ ಹೊತ್ತಿಕೊಳ್ಳುತ್ತದೆಂದು ಕಾದರು. ಇನ್ನೊಂದು ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇತ್ತು, ಕೆಲವೇ ಸಾವಿರ ರೂಪಾಯಿಯ ತೆರೆಯಿಲ್ಲದ ಹಲಗೆ ಸಾಕಾಗುತ್ತಿತ್ತು. ಅವರು ಪೆನ್ನಿನ ಒತ್ತನ್ನು ಗುರುತಿಸದ ಸಾಧಾರಣ ಟ್ಯಾಬ್ ತಂದರು. ಎರಡೂ ಕಡೆ ಅಂಗಡಿಯಲ್ಲಿ ಕೇಳಿದ್ದು ಒಂದೇ ಮಾತು: ‘ಚಿತ್ರ ಬರೆಯೋದಕ್ಕೆ ಟ್ಯಾಬ್ ಕೊಡಿ’. ಆದ್ದರಿಂದ ಹೆಸರು ಕನ್ನಡದ್ದಾಗಿರಬೇಕು ಎಂಬುದಕ್ಕಿಂತ ಮೂರಕ್ಕೂ ಬೇರೆಬೇರೆ ಹೆಸರು ಇರಬೇಕು ಎಂಬುದೇ ನನಗೆ ಮುಖ್ಯ.

ಇಂಗ್ಲಿಷಿನಲ್ಲೂ ಈ ಗೊಂದಲ ಹೊಸದು. ಟ್ಯಾಬ್ಲೆಟ್ ಎಂದರೆ ಮೂಲದಲ್ಲಿ ಚಿಕ್ಕ ಹಲಗೆ. 1964ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆಯೊಂದು ತಂದ ರ‍್ಯಾಂಡ್ ಟ್ಯಾಬ್ಲೆಟ್‌ಗೆ ತೆರೆ ಇರಲಿಲ್ಲ. ಸುಮಾರು ಹತ್ತು ಅಂಗುಲದ ಚೌಕದ ಕೆಳಗೆ ಅಂಗುಲಕ್ಕೆ 100 ಗೆರೆಯಂತೆ ವಾಹಕಗಳ ಜಾಲವಿತ್ತು, ಅದರ ಮೇಲೆ ಪೆನ್ನು ಓಡಿಸಿ ಎದುರಿನ ತೆರೆಯನ್ನು ನೋಡಬೇಕಿತ್ತು. ಅಂದರೆ ಚಿತ್ರಕಾರರ ಲೋಕದಲ್ಲಿ ಈ ಹೆಸರಿನ ಹಳೆಯ ಹಕ್ಕುದಾರ ತೆರೆಯಿಲ್ಲದ ಹಲಗೆಯೇ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಜನಬಳಕೆಯಲ್ಲಿ ಹೆಸರು ಅತ್ತ ಜಾರಿತು. ಕನ್ನಡಕ್ಕೆ ಈ ಪದ ಬಂದದ್ದು ಆ ಜಾರಿದ ಅರ್ಥದಲ್ಲಿ, ಅದೂ ಮೊಟಕಾಗಿ.

ಹೀಗಾಗಿ ನನ್ನ ಮೊದಲ ಸಲಹೆ: ‘ಟ್ಯಾಬ್’ ಎಂಬುದನ್ನು ಮೂರನೆಯ ಬಗೆಗೆ ಬಿಟ್ಟುಕೊಡೋಣ. ಅದು ಅಲ್ಲಿ ಬೇರೂರಿದೆ, ಕೀಳುವುದರಿಂದ ಲಾಭವಿಲ್ಲ. ಉಳಿದ ಎರಡಕ್ಕೆ ಹೆಸರು ಹುಡುಕೋಣ.

ನಮ್ಮಲ್ಲಿ ಬರೆದು ಅಳಿಸಿ ಮತ್ತೆ ಬರೆಯುವ ವಸ್ತುಗಳಿಗೆ ಹೆಸರಿಗೇನೂ ಬಡತನವಿಲ್ಲ. ಶಾಲೆಯ ಸ್ಲೇಟಿಗೆ ಉತ್ತರ ಕರ್ನಾಟಕದಲ್ಲಿ ‘ಪಾಟಿ’ ಎನ್ನುತ್ತಾರೆ, ಪುಸ್ತಕದ ಚೀಲ ಅಲ್ಲಿ ಇಂದಿಗೂ ‘ಪಾಟಿಚೀಲ’. ಮೈಸೂರು ಕಡೆಯವರಿಗೆ ಈ ಪದ ದೂರ, ಆದರೂ ಚಿಕ್ಕದಾಗಿ ಚೊಕ್ಕವಾಗಿದೆ. ಇನ್ನೊಂದು ಪದ ‘ಕಡತ’. ಈಗ ಕಡತವೆಂದರೆ ಕಚೇರಿಯ ಫೈಲು. ಹಿಂದೆ ಅದು ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ, ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುವ ಬಟ್ಟೆಯ ಪುಸ್ತಕವಾಗಿತ್ತು. ಬಳಪದಲ್ಲಿ ಬರೆಯುತ್ತಿದ್ದರು, ಒರೆಸಿ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತು. ಅಳಿಸಿ ಬರೆಯುವ ಕಪ್ಪು ಮೈ ಎಂಬ ಗುಣದಲ್ಲಿ ನಮ್ಮ ಸಾಧನಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜ ಸಿಗಲಾರದು. ಆದರೆ ಇಂದಿನ ಓದುಗ ‘ಕಡತ’ ಎಂದೊಡನೆ ತಾಲ್ಲೂಕು ಕಚೇರಿಯನ್ನು ನೆನೆಯುತ್ತಾನೆ. ಮನಸ್ಸಿಲ್ಲದ ಮನಸ್ಸಿನಿಂದ ಇದನ್ನು ಬದಿಗಿಟ್ಟಿದ್ದೇನೆ.

ಉಳಿದದ್ದು ‘ಹಲಗೆ’. ಕರಿಹಲಗೆಯಿಂದಾಗಿ ಬರವಣಿಗೆಯ ನೆನಪು ಅದಕ್ಕೆ ಅಂಟಿದೆ. ಅದರ ಮುಂದೆ ಏನು ಸೇರಿಸುವುದು? ‘ಚಿತ್ರಹಲಗೆ’ ಎಂದರೆ ಚಿತ್ರವಿರುವ ಹಲಗೆ ಎಂದಾಗುವ ಅಪಾಯವಿದೆ. ತೆರೆಯಿಲ್ಲದ ಮೊದಲ ಬಗೆಗೆ ನನಗೆ ಹಿಡಿಸಿದ್ದು ‘ಬರೆಹಲಗೆ’. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಒಂದೇ ಕ್ರಿಯಾಪದ ಎರಡನ್ನೂ ಹೊರುತ್ತದೆ. ಈ ಸಾಧನವೂ ಹಾಗೆಯೇ. ಚಿತ್ರಕಾರರು ಬಳಸುವ ಅದೇ ಹಲಗೆಯನ್ನು ಗಣಿತದ ಮೇಷ್ಟ್ರು ಆನ್‌ಲೈನ್ ಪಾಠದಲ್ಲಿ ಲೆಕ್ಕ ಬಿಡಿಸಲು ಬಳಸುತ್ತಾರೆ. ಧಾತುವಿಗೆ ನಾಮಪದವನ್ನು ನೇರವಾಗಿ ಜೋಡಿಸುವ ರೀತಿ ನಮಗೆ ಹೊಸದಲ್ಲ: ಒರೆಗಲ್ಲು, ಕಡೆಗೋಲು, ಬೀಸುಗಲ್ಲು, ಊರುಗೋಲು. ಹಳಗನ್ನಡದ ‘ಪಲಗೆ’ಯಿಂದ ಹೊರಟು ಆದೇಶ ಸಂಧಿಯ ನಿಯಮ ಹಿಡಿದರೆ ‘ಬರೆವಲಗೆ’ ಎಂದೇ ಆಗಬೇಕು. ಕಿವಿಗೆ ಅದು ಇಂಪಾಗಿದೆ, ಆದರೆ ಮಕ್ಕಳಿಗೆ ಒಳಗಿನ ಹಲಗೆ ಕಾಣುವುದಿಲ್ಲ. ವ್ಯಾಕರಣ ಬಲ್ಲವರು ಏನೆನ್ನುತ್ತೀರಿ? ‘ಬರೆ’ ಎಂದರೆ ಕಾಸಿದ ಕಬ್ಬಿಣದ ಗುರುತೂ ಹೌದು ಎಂದು ಯಾರಾದರೂ ಆಕ್ಷೇಪಿಸಬಹುದು. ಸಂದರ್ಭ ಅದನ್ನು ತಡೆಯುತ್ತದೆ ಎಂಬುದು ನನ್ನ ನಂಬಿಕೆ.

ಎರಡನೆಯ ಬಗೆಗೆ ‘ತೆರೆಹಲಗೆ’. ಹೊತ್ತಿಗೆಯಲ್ಲಿ ಹೀಗೆ ಬರೆಯಬಹುದು: ‘ಬರೆಹಲಗೆಯಲ್ಲಿ ಕಣ್ಣು ಒಂದೆಡೆ, ಕೈ ಒಂದೆಡೆ, ಆರಂಭದಲ್ಲಿ ರೂಢಿ ಬೇಕು. ತೆರೆಹಲಗೆಯಲ್ಲಿ ಆ ತೊಂದರೆ ಇಲ್ಲ, ಆದರೆ ಬೆಲೆ ಹೆಚ್ಚು, ಬಗ್ಗಿ ಕೂರುವುದರಿಂದ ಕತ್ತು ನೋಯುತ್ತದೆ.’

ಇನ್ನು ಪೆನ್ನಿನ ವಿಚಾರ. ‘ಸ್ಟೈಲಸ್’ ಎಂಬ ಹೆಸರಿನಡಿ ಅಂಗಡಿಗಳಲ್ಲಿ ಎರಡು ವಸ್ತುಗಳು ಸಿಗುತ್ತವೆ. ಒಂದು ರಬ್ಬರ್ ತುದಿಯ ಕಡ್ಡಿ. ಅದು ಬೆರಳಿನ ಬದಲಿ ಮಾತ್ರ, ಎಷ್ಟು ಒತ್ತಿದರೂ ಅದರ ಗೆರೆ ದಪ್ಪವಾಗದು. ಇನ್ನೊಂದು ನಿಜವಾದ ಚಿತ್ರಲೇಖನಿ. ವೇಕಮ್ ರೂಢಿಗೆ ತಂದ ವಿಧಾನದಲ್ಲಿ ಹಲಗೆಯ ಕೆಳಗಿನ ತಂತಿಜಾಲ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ, ಪೆನ್ನಿನೊಳಗಿನ ಸುರುಳಿ ಅದಕ್ಕೆ ಅನುರಣಿಸಿ ಉತ್ತರ ಕೊಡುತ್ತದೆ. ಆದ್ದರಿಂದಲೇ ಆ ಪೆನ್ನಿಗೆ ಬ್ಯಾಟರಿ ಬೇಡ. ಸ್ಯಾಮ್‌ಸಂಗ್‌ನ ಎಸ್ ಪೆನ್ ಕೂಡ ಇದೇ ಜಾತಿಯದು. ಆಪಲ್ ಪೆನ್ಸಿಲ್ ಬೇರೆ ಜಾತಿ, ಅದನ್ನು ಚಾರ್ಜ್ ಮಾಡಬೇಕು. ಒಂದು ಜಾತಿಯ ಪೆನ್ನು ಇನ್ನೊಂದು ಜಾತಿಯ ಸಾಧನದ ಮೇಲೆ ನಡೆಯುವುದಿಲ್ಲ.

ಚಿತ್ರಲೇಖನಿಗೆ ‘ಕಂಟ’ ಎನ್ನಬಹುದೇ ಎಂದು ಯೋಚಿಸಿದೆ. ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿಗೆ ಅದೇ ಹೆಸರು. ಆದರೆ ಕಂಟ ಗರಿಯನ್ನು ಕೊರೆಯುತ್ತದೆ, ಆಮೇಲೆ ಮಸಿ ತಿಕ್ಕಿದಾಗ ಅಕ್ಷರ ಕಾಣುತ್ತದೆ. ಗೆರೆಯನ್ನು ದಪ್ಪ ತೆಳು ಮಾಡುವುದು ಅದರ ಗುಣವಲ್ಲ, ನಮ್ಮ ಸಾಧನಕ್ಕೆ ಅದೇ ಜೀವ. ಕಡೆಗೋಲಿನ ದಾರಿಯಲ್ಲಿ ‘ಬರೆಗೋಲು’ ಎಂದು ತಾತ್ಕಾಲಿಕವಾಗಿ ಇಟ್ಟಿದ್ದೇನೆ. ರಬ್ಬರ್ ತುದಿಯದು ‘ಬೆರಳುಗಡ್ಡಿ’ ಆಗಬಹುದು. ಸವೆದಾಗ ಬದಲಿಸುವ ತುದಿಗೆ ‘ಮೊನೆ’ ಎಂಬ ಪದ ಸಿದ್ಧವಾಗಿಯೇ ಇದೆ.

ನನ್ನನ್ನು ಹೆಚ್ಚು ಕಾಡಿರುವುದು ಒತ್ತಿನ ಪದಗಳು. ‘ಪ್ರೆಶರ್ ಸೆನ್ಸಿಟಿವಿಟಿ’ಯನ್ನು ‘ಒತ್ತಡ ಸಂವೇದನಾಶೀಲತೆ’ ಎಂದು ಬರೆದರೆ ಓದುಗ ಅಲ್ಲೇ ನಿಲ್ಲುತ್ತಾನೆ. ಒತ್ತಡ ಈಗ ಕೆಲಸದ ಒತ್ತಡ, ರಕ್ತದೊತ್ತಡಗಳ ಕಡೆ ಹೋಗಿಬಿಟ್ಟಿದೆ. ಇಲ್ಲಿರುವುದು ಬರಿಯ ‘ಒತ್ತು’: ಮೊನೆ ಒತ್ತಿದಷ್ಟೂ ಗೆರೆ ದಪ್ಪ ಅಥವಾ ಗಾಢ. ಡಬ್ಬಿಯ ಮೇಲೆ 2048, 4096, 8192, 16384 ಎಂದು ಬರೆದಿರುತ್ತಾರಲ್ಲ, ಅವು ‘ಒತ್ತುಮಟ್ಟ’ಗಳು, ಅಂದರೆ ಸಾಧನ ಒತ್ತನ್ನು ಎಷ್ಟು ಹಂತಗಳಾಗಿ ಗುರುತಿಸಬಲ್ಲದು ಎಂಬ ಎಣಿಕೆ. ಕೊಳ್ಳುವವರು ದೊಡ್ಡ ಸಂಖ್ಯೆಯ ಹಿಂದೆ ಹೋಗುತ್ತಾರೆ. ಆದರೆ 8192ಕ್ಕೂ 16384ಕ್ಕೂ ಇರುವ ಅಂತರ ಮನುಷ್ಯನ ಕೈಗೆ ತಿಳಿಯುವಂಥದ್ದಲ್ಲ. ಕೈಗೆ ತಿಳಿಯುವುದು ಇನ್ನೊಂದು: ಗೆರೆ ಮೂಡತೊಡಗಲು ಬೇಕಾದ ಅತಿ ಕಡಿಮೆ ಒತ್ತು. ಒಳ್ಳೆಯ ಪೆನ್ನಿನಲ್ಲಿ ಇದು ಕೆಲವೇ ಗ್ರಾಂ. ಇದು ಹೆಚ್ಚಿದ್ದರೆ ಕೈ ಹಗುರವಾಗಿ ಆಡಿಸಿದಾಗ ಏನೂ ಮೂಡುವುದಿಲ್ಲ, ಒತ್ತಿದಾಗ ಗೆರೆ ಥಟ್ಟನೆ ದಪ್ಪವಾಗಿ ಶುರುವಾಗುತ್ತದೆ. ಇದನ್ನು ‘ಮೊದಲೊತ್ತು’ ಎಂದು ಕರೆಯಲು ಬಯಸುತ್ತೇನೆ. ಹೊತ್ತಿಗೆಯಿಂದ ಜನರ ಬಾಯಿಗೆ ಒಂದೇ ಒಂದು ಹೊಸ ಪದ ಹತ್ತುವುದಾದರೆ ಅದು ಇದಾಗಲಿ ಎಂಬ ಆಸೆ ನನ್ನದು. ಅಂಗಡಿಯಲ್ಲಿ ‘ಒತ್ತುಮಟ್ಟ ಎಷ್ಟಾದರೂ ಇರಲಿ, ಮೊದಲೊತ್ತು ಎಷ್ಟು?’ ಎಂದು ಕೇಳಬಲ್ಲವರು ಮೋಸಹೋಗುವುದಿಲ್ಲ.

ಒತ್ತಿನ ಅಗತ್ಯವೂ ಎಲ್ಲರಿಗೆ ಒಂದೇ ಅಲ್ಲ. ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿಯ ಬಿಳುಪಿನಲ್ಲಿ ಎಳೆದ ಗೆರೆಗಳು ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ. ಆ ಬಗೆಯ ವಿನ್ಯಾಸ ಮಾಡುವವರಿಗೆ ಗೆರೆ ನಡುಗದಿರುವುದು ಮುಖ್ಯ, ಒತ್ತುಮಟ್ಟ ಹೆಚ್ಚೇನೂ ಬೇಡ. ಮೈಸೂರು ಶೈಲಿಯ ಮುಖ, ಸೀರೆಯ ನೆರಿಗೆ ಬರೆಯುವವರಿಗೆ, ಕನ್ನಡದ ಅಕ್ಷರಗಳನ್ನು ಕುಂಚದ ರೀತಿಯಲ್ಲಿ ಬರೆಯುವವರಿಗೆ ಒತ್ತೂ ಬೇಕು, ‘ಓರೆ’ಯೂ ಬೇಕು. ಪೆನ್ನು ವಾಲಿದ ಕೋನವನ್ನು ಹಲಗೆ ಗುರುತಿಸುವುದಕ್ಕೆ ‘ಓರೆ’ ಎಂಬುದೇ ಸಾಕು ಎನಿಸುತ್ತದೆ.

ಹಲಗೆಯ ಮೇಲೆ ಪೆನ್ನು ಕೆಲಸ ಮಾಡುವ ಭಾಗಕ್ಕೆ ‘ಅಂಗಳ’. ಆರು ಅಂಗುಲಕ್ಕೆ ನಾಲ್ಕು ಅಂಗುಲದ ಅಂಗಳವಾದರೆ ಮಣಿಕಟ್ಟು ಮಾತ್ರ ಆಡುತ್ತದೆ, ಹತ್ತಕ್ಕೆ ಆರಾದರೆ ಮೊಳಕೈಯಿಂದ ಬೀಸಿ ಎಳೆಯಬಹುದು. ಅಂಗಳದ ಅಗಲ-ಎತ್ತರದ ಪ್ರಮಾಣ ಮಾನಿಟರಿನ ಪ್ರಮಾಣಕ್ಕೆ ಹೊಂದದಿದ್ದರೆ ದುಂಡಗೆ ಸುತ್ತಿದ್ದು ತೆರೆಯ ಮೇಲೆ ಅಂಡಾಕಾರವಾಗುತ್ತದೆ. ಕನ್ನಡ ಬರೆಯುವವರು ಇದನ್ನು ಬೇಗ ಕಂಡುಹಿಡಿಯುತ್ತಾರೆ, ‘ಠ’ ಬರೆದು ನೋಡಿದರೆ ಸಾಕು. ಜೊತೆಗೆ ಬರುವ ಚಾಲಕ ತಂತ್ರಾಂಶದಲ್ಲಿ (ಡ್ರೈವರ್) ಇದನ್ನು ಸರಿಪಡಿಸಬಹುದು. ಹಲಗೆ ಪೆನ್ನಿನ ಜಾಗವನ್ನು ಎಷ್ಟು ನವಿರಾಗಿ ಗುರುತಿಸುತ್ತದೆಂದು ಹೇಳುವ ಅಂಗುಲಕ್ಕೆ 5080 ಗೆರೆ ಎಂಬಂಥ ಸಂಖ್ಯೆಗೆ, ಅಂದರೆ ಮಿಲಿಮೀಟರಿಗೆ 200ಕ್ಕೆ, ‘ಗೆರೆಸಾಂದ್ರತೆ’ ಎಂದಿದ್ದೇನೆ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೆರೆಹಲಗೆಯಲ್ಲಿ ಗಾಜಿನ ದಪ್ಪದಿಂದಾಗಿ ಮೊನೆ ಒಂದು ಕಡೆ, ಗೆರೆ ತುಸು ಆಚೆ ಕಾಣುವ ದೋಷವಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾರಲ್ಯಾಕ್ಸ್ ಎನ್ನುತ್ತಾರೆ. ಖಗೋಳದಲ್ಲಿ ಪ್ಯಾರಲ್ಯಾಕ್ಸಿಗೆ ‘ಲಂಬನ’ ಎಂಬ ಹಳೆಯ ಶಾಸ್ತ್ರಪದವಿದೆ, ಆದರೆ ಮಕ್ಕಳಿಗೆ ಅದು ಲಂಬಕೋನವನ್ನು ನೆನಪಿಸೀತು. ಸದ್ಯಕ್ಕೆ ‘ಗಾಜಿನ ಅಂತರ’ ಎಂದು ಬರೆದಿದ್ದೇನೆ. ತೆರೆಯನ್ನೂ ಗಾಜನ್ನೂ ಅಂಟಿಸಿ ಒಂದಾಗಿಸಿದ ಮಾದರಿಗಳಲ್ಲಿ ಇದು ಕಡಿಮೆ.

ಈಗ ನಿಮ್ಮಿಂದ ಬೇಕಾದದ್ದು. ಮುದ್ರಣಾಲಯ, ಫ್ಲೆಕ್ಸ್ ಅಂಗಡಿ, ಅನಿಮೇಷನ್ ಸ್ಟುಡಿಯೋಗಳಲ್ಲಿ ಕನ್ನಡ ಮಾತಾಡುತ್ತ ಕೆಲಸ ಮಾಡುವವರು ಈ ಸಾಧನಗಳಿಗೆ ಏನೆನ್ನುತ್ತಾರೆ? ಅಲ್ಲಿ ಹುಟ್ಟಿದ ಪದವಿದ್ದರೆ ನನ್ನ ಕಟ್ಟುಪದಗಳನ್ನು ಸಂತೋಷದಿಂದ ಕೈಬಿಡುತ್ತೇನೆ. ಧಾರವಾಡ, ಕಲಬುರಗಿ ಕಡೆಯವರಿಗೆ ‘ಬರೆಪಾಟಿ’ ಹೆಚ್ಚು ಸಹಜವೆನಿಸುತ್ತದೆಯೇ? ಮಂಗಳೂರು, ಕಾಸರಗೋಡಿನ ಮೇಷ್ಟ್ರುಗಳು ತರಗತಿಯಲ್ಲಿ ಏನು ಹೇಳುತ್ತಾರೆ? ಉತ್ತರಿಸುವಾಗ ಪದವೊಂದನ್ನೇ ಬರೆಯದೆ, ಅಂಗಡಿಯವನೊಡನೆ ಅಥವಾ ವಿದ್ಯಾರ್ಥಿಯೊಡನೆ ಆಡುವ ಒಂದು ವಾಕ್ಯದಲ್ಲಿ ಅದನ್ನು ಬಳಸಿ ತೋರಿಸಿ. ಹಾಗೆ ಬಂದ ವಾಕ್ಯಗಳನ್ನು, ನಿಮ್ಮ ಒಪ್ಪಿಗೆಯಿದ್ದರೆ, ಹೊತ್ತಿಗೆಯಲ್ಲೇ ಸೇರಿಸುತ್ತೇನೆ.

ವಂದನೆಗಳೊಂದಿಗೆ.